ವೆಬ್‌ಸೈಟಿನ ಉತಾರ ಯಾರ ಹೆಸರಲ್ಲಿದೆ?

ಸಾಫ್ಟ್‌ವೇರ್ ಇಂಜಿನಿಯರ್ ಅಂದ್ರೆ ನಮ್ಮ ಕಡೆ ಅರ್ಥ ಬಹಳ ವಿಶಾಲ. ಪ್ರಿಂಟರ್ ಸರಿ ಮಾಡುವವನು, ಮರೆತುಹೋದ ಪಾಸ್‌ವರ್ಡ್ ತೆಗೆದುಕೊಡುವವನು, ಮೊಬೈಲು ಬಿಸಿ ಆಗೋದ್ಯಾಕೆ ಅಂತ ಹೇಳುವವನು... ಎಲ್ಲಾ ಅವನೇ. ಇತ್ತೀಚೆಗೆ ಆ ಪಟ್ಟಿಗೆ ವೆಬ್‌ಸೈಟೂ ಸೇರಿಕೊಂಡಿದೆ. ಆಲಮೇಲಕ್ಕೆ ಹೋದಾಗಲೆಲ್ಲಾ ಯಾರಾದರೊಬ್ಬರು ಕೇಳಿಯೇ ಕೇಳ್ತಾರೆ. (ಗೊತ್ತಿಲ್ಲದವರಿಗೆ: ನಮ್ಮೂರು ವಿಜಯಪುರ ಜಿಲ್ಲೆಯಲ್ಲಿದೆ. ಮೊದಲು ಸಿಂದಗಿ ತಾಲೂಕಿನಲ್ಲಿತ್ತು, ಈಗ ಅದೇ ತಾಲೂಕು ಕೇಂದ್ರ.) ಕೋಚಿಂಗ್ ಕ್ಲಾಸ್ ನಡೆಸುವ ಗೆಳೆಯ, ಶಾಲೆಯ ಆಡಳಿತ ಮಂಡಳಿಯ ಹಿರಿಯರು, ಲಿಂಬೆಹಣ್ಣು ಹೊರರಾಜ್ಯಕ್ಕೆ ಕಳಿಸುವ ಸಂಬಂಧಿಕರು, ಕವನ ಬರೆದು ಫೈಲಿನಲ್ಲಿ ಇಟ್ಟುಕೊಂಡಿರುವ ಮಾಸ್ತರರು. ಕೆಲಸ ಬೇರೆ ಬೇರೆ, ಪ್ರಶ್ನೆ ಮಾತ್ರ ಅವೇ ನಾಲ್ಕೈದು. ಕೇಳುವ ಅನುಕ್ರಮವೂ ಹೆಚ್ಚುಕಡಿಮೆ ಅದೇ.

ನಮ್ಮ ಆಫೀಸಿನ ಕೆಲವರಿಗೆ ಇಂಥ ಪ್ರಶ್ನೆ ಕೇಳಿದರೆ ನಗು. ನನಗೆ ನಗು ಬರೋದಿಲ್ಲ. ಪ್ರಶ್ನೆಗಳು ಸರಿಯಾಗಿಯೇ ಇವೆ, ಅನುಕ್ರಮ ಮಾತ್ರ ತಲೆಕೆಳಗಾಗಿದೆ ಅನ್ನೋದು ನನ್ನ ಅಭಿಪ್ರಾಯ. ಬಣ್ಣ ಯಾವುದು, ಖರ್ಚೆಷ್ಟು ಅನ್ನೋದು ಮೊದಲು ಬರುತ್ತೆ. ಅದು ಯಾರ ಹೆಸರಲ್ಲಿರುತ್ತೆ, ಅದರಲ್ಲಿರುವ ಕನ್ನಡ ಎಂಥ ಕನ್ನಡ ಅನ್ನೋದು ಕೊನೆಗೂ ಬರೋದಿಲ್ಲ. ಆದರೆ ಸೈಟು ಉಳಿಯುತ್ತೋ ಸಾಯುತ್ತೋ ಅನ್ನೋದು ನಿರ್ಧಾರ ಆಗೋದು ಈ ಎರಡರಿಂದಲೇ.

ಮೊದಲನೇ ಪ್ರಶ್ನೆ: "ತಮ್ಮಾ, ಒಂದ್ ವೆಬ್‌ಸೈಟ್ ಮಾಡ್ಸಾಕ ಎಷ್ಟ್ ರೊಕ್ಕ ಹತ್ತತಾವೋ?"

ಕಾಕಾ, ಇದರಲ್ಲಿ ಎರಡು ಬೇರೆ ಬೇರೆ ಖರ್ಚು ಇವೆ ಅಂತ ನಾನು ಶುರು ಮಾಡ್ತೀನಿ. ಒಂದು ವಿಳಾಸದ್ದು, ಅಂದ್ರೆ ಡೊಮೈನ್. ಇನ್ನೊಂದು ಪುಟಗಳನ್ನು ಇಡುವ ಜಾಗದ್ದು, ಅಂದ್ರೆ ಹೋಸ್ಟಿಂಗ್. ಡಾಟ್ ಕಾಮ್ ಅಥವಾ ಡಾಟ್ ಇನ್ ವಿಳಾಸಕ್ಕೆ ವರ್ಷಕ್ಕೆ ಸಾವಿರ ರೂಪಾಯಿ ಆಸುಪಾಸು ಹತ್ತಬಹುದು. ಮೊದಲ ವರ್ಷ ರಿಯಾಯಿತಿ ತೋರಿಸಿ ಎರಡನೇ ವರ್ಷ ಪೂರ್ತಿ ದರ ಹಾಕುವವರು ಬಹಳ, ಅದಕ್ಕೇ ನವೀಕರಣದ ದರ ಎಷ್ಟು ಅಂತ ಮೊದಲೇ ಕೇಳಬೇಕು. ಹತ್ತು ಪುಟದ ಸಾದಾ ಸೈಟಾದರೆ ಗಿಟ್‌ಹಬ್ ಪೇಜಸ್ ಥರದ ಕಡೆ ಜಾಗ ಪುಕ್ಕಟೆಯಾಗಿಯೇ ಸಿಗುತ್ತೆ. ವಿಳಾಸದ ಪಕ್ಕದ ಬೀಗದ ಗುರುತಿಗೆ (ಎಸ್‌ಎಸ್‌ಎಲ್ ಸರ್ಟಿಫಿಕೇಟ್) ಬೇರೆಯಾಗಿ ಸಾವಿರಾರು ರೂಪಾಯಿ ಕೇಳಿದರೆ ಸ್ವಲ್ಪ ಎಚ್ಚರ. ಲೆಟ್ಸ್ ಎನ್‌ಕ್ರಿಪ್ಟ್ ಅನ್ನುವ ಸಂಸ್ಥೆ ಅದನ್ನು ಉಚಿತವಾಗಿ ಕೊಡೋಕೆ ಶುರು ಮಾಡಿದ್ದು 2015ರಲ್ಲಿ.

ಖರ್ಚಿಗಿಂತ ದೊಡ್ಡದು ಹೆಸರು. ಡೊಮೈನ್ 'ಖರೀದಿ' ಅಂತಾರೆ, ಆದರೆ ಅದು ಖರೀದಿ ಅಲ್ಲ, ಲಾವಣಿ. ವರ್ಷ ವರ್ಷ ಕಟ್ಟಬೇಕು. ಡಾಟ್ ಕಾಮ್ ಆದರೆ ಒಮ್ಮೆಗೆ ಹೆಚ್ಚೆಂದರೆ 10 ವರ್ಷದ್ದು ಕಟ್ಟಬಹುದು. ಕಟ್ಟದಿದ್ದರೆ ಸ್ವಲ್ಪ ದಿನ ಕಾಯ್ತಾರೆ, ಆಮೇಲೆ ದಂಡ ಕಟ್ಟಿ ಬಿಡಿಸಿಕೊಳ್ಳಲು 30 ದಿನ ಕೊಡ್ತಾರೆ, ಅದೂ ಮುಗಿದ ಮೇಲೆ ಆ ವಿಳಾಸ ಯಾರು ಬೇಕಾದರೂ ತಗೋಬಹುದು. ಇದರ ನೋಟೀಸುಗಳೆಲ್ಲಾ ಹೋಗೋದು ನೋಂದಣಿ ಮಾಡುವಾಗ ಕೊಟ್ಟ ಇಮೇಲಿಗೆ. ಆ ಇಮೇಲ್ ಯಾರದು?

ನಮ್ಮ ಕಡೆಯ ಒಂದು ಶಿಕ್ಷಣ ಸಂಸ್ಥೆಯ ಕಥೆ ಹೇಳ್ತೀನಿ, ಹೆಸರು ಬೇಡ. ಯಾರದೋ ಪರಿಚಯದ ಹುಡುಗ ಸೈಟ್ ಮಾಡಿಕೊಟ್ಟ, ಚೆನ್ನಾಗೇ ಮಾಡಿದ್ದ. ಡೊಮೈನ್ ಅವನ ಹೆಸರಲ್ಲಿ, ಇಮೇಲ್ ಅವನದು, ಪಾಸ್‌ವರ್ಡ್ ಅವನ ತಲೆಯಲ್ಲಿ. ಕೆಲಸ ಸಿಕ್ಕಿ ಬೇರೆ ಊರಿಗೆ ಹೋದ, ಮೊಬೈಲ್ ನಂಬರ್ ಬದಲಾಯಿತು. ಅವನದೇನೂ ಕೆಟ್ಟ ಉದ್ದೇಶ ಇರಲಿಲ್ಲ, ಮರೆತ ಅಷ್ಟೇ. ಈಗ ಆ ವಿಳಾಸ ಹೊಡೆದರೆ ಜೂಜಿನ ಜಾಹೀರಾತು ತೆರೆದುಕೊಳ್ಳುತ್ತೆ. ಶಾಲೆಯ ಗೇಟಿನ ಬೋರ್ಡಿನ ಮೇಲೆ, ಮಕ್ಕಳ ಗುರುತಿನ ಚೀಟಿಯ ಮೇಲೆ ಇನ್ನೂ ಅದೇ ವಿಳಾಸ! ಹೊಲ ತಗೊಳ್ಳುವಾಗ ಉತಾರದಲ್ಲಿ ಯಾರ ಹೆಸರಿದೆ ಅಂತ ಹತ್ತು ಸಲ ನೋಡುವ ಹಿರಿಯರು ಇಲ್ಲಿ ಒಂದು ಸಲವೂ ನೋಡಲಿಲ್ಲ. ನೋಡಬೇಕು ಅಂತ ಅವರಿಗೆ ಯಾರೂ ಹೇಳಲಿಲ್ಲ ಕೂಡ. ಹೇಳಬೇಕಾದ್ದು ನಮ್ಮಂಥವರು ಅಲ್ವಾ?

ಎರಡನೇ ಪ್ರಶ್ನೆ: "ಕೋಡಿಂಗ್ ಕಲೀಬೇಕಾ? ಇಲ್ಲಾ ಎಐ ಮಾಡಿಕೊಡುತ್ತಾ?"

ಪೂರ್ತಿ ಕಲೀಬೇಕಿಲ್ಲ. ಆದರೆ ಎಚ್‌ಟಿಎಂಎಲ್ ಏನು ಅಂತ ಒಂದು ವಾರ ಕೂತು ನೋಡಿದರೆ ನಷ್ಟ ಇಲ್ಲ. ಶೀರ್ಷಿಕೆ, ಪ್ಯಾರಾ, ಕೊಂಡಿ, ಚಿತ್ರ, ಪಟ್ಟಿ. ಈ ಐದು ಗೊತ್ತಾದರೆ ಒಂದು ಶಾಲೆಯ ಸೈಟಿಗೆ ಬೇಕಾದ್ದು ಬಹುತೇಕ ಬಂತು. ಟಿಮ್ ಬರ್ನರ್ಸ್-ಲೀ 1991ರಲ್ಲಿ ಜಗತ್ತಿಗೆ ತೋರಿಸಿದ್ದು ಇಂಥ ಸಾದಾ ಪುಟಗಳನ್ನೇ. 1993ರ ಏಪ್ರಿಲ್ 30ರಂದು ಸರ್ನ್ ಸಂಸ್ಥೆ ಆ ತಂತ್ರಜ್ಞಾನವನ್ನು ಯಾರು ಬೇಕಾದರೂ ಬಳಸಲಿ ಅಂತ ಬಿಟ್ಟುಕೊಟ್ಟಿತು. ಆ ಮೊದಲ ಸೈಟಿನ ಪುಟಗಳನ್ನು 2013ರಲ್ಲಿ ಮತ್ತೆ ಹಳೇ ವಿಳಾಸದಲ್ಲೇ ಇಟ್ಟಿದ್ದಾರೆ. ಇವತ್ತಿನ ಮೊಬೈಲಿನಲ್ಲಿ ಅವು ಆರಾಮಾಗಿ ತೆರೆದುಕೊಳ್ತವೆ. ಅದೇ ಒಂದು ಕಾಲದಲ್ಲಿ ಲಕ್ಷಗಟ್ಟಲೆ ಸುರಿದು ಫ್ಲ್ಯಾಶ್‌ನಲ್ಲಿ ಕುಣಿಯುವ ಸೈಟ್ ಮಾಡಿಸಿದವರ ಗತಿ? 2020ರ ಡಿಸೆಂಬರ್ 31ಕ್ಕೆ ಅಡೋಬಿ ಫ್ಲ್ಯಾಶ್‌ಗೆ ಮಂಗಳ ಹಾಡಿತು. ಸಾದಾ ಇದ್ದದ್ದು ಬದುಕಿತು, ಕುಣಿದದ್ದು ಹೋಯಿತು.

ಎಐ ವಿಷಯ. ಹೌದು, ಇವತ್ತು ಒಂದು ಪುಟದ ಚೌಕಟ್ಟನ್ನು ಅದು ನಿಮಿಷದಲ್ಲಿ ಬರೆದುಕೊಡುತ್ತೆ, ಧಾರಾಳವಾಗಿ ಬಳಸಿ. ಆದರೆ ನಿಮ್ಮ ಶಾಲೆಯ ಫೀ ಎಷ್ಟು, ಆಫೀಸು ಎಷ್ಟೊತ್ತಿಗೆ ತೆರೆಯುತ್ತೆ ಅನ್ನೋದು ಅದಕ್ಕೆ ಗೊತ್ತಿಲ್ಲ. ಕೇಳಿದರೆ ಗೊತ್ತಿರುವ ಹಾಗೆ ಏನೋ ಒಂದು ತುಂಬಿಬಿಡುತ್ತೆ! ಡೊಮೈನ್ ಯಾರ ಹೆಸರಲ್ಲಿರಬೇಕು ಅಂತ ಹಿರಿಯರ ಜೊತೆ ಕೂತು ತೀರ್ಮಾನ ಮಾಡೋದೂ ಅದರ ಕೆಲಸ ಅಲ್ಲ.

ಮೂರನೇ ಪ್ರಶ್ನೆ: "ಕನ್ನಡ ಹ್ಯಾಂಗ ಹಾಕೂದು?"

ನನಗೆ ಇದೇ ಎಲ್ಲಕ್ಕಿಂತ ಮುಖ್ಯವಾದದ್ದು. ನಮ್ಮ ಕಡೆ ಡಿಟಿಪಿ ಅಂಗಡಿಗಳಲ್ಲಿ ಇವತ್ತಿಗೂ ಹಳೇ ನುಡಿ, ಶ್ರೀಲಿಪಿ ಫಾಂಟುಗಳದ್ದೇ ಕಾರುಬಾರು. ಲಗ್ನಪತ್ರಿಕೆಗೆ ಅದು ಸಾಕು. ಅಲ್ಲಿ ಟೈಪ್ ಮಾಡಿಸಿದ್ದನ್ನೇ ವೆಬ್‌ಸೈಟಿಗೆ ತಂದು ಅಂಟಿಸಿದರೆ ಮಾತ್ರ ತಲೆಬುಡ ಇಲ್ಲದ ಚಿಹ್ನೆಗಳ ಸಂತೆ. ಯಾಕೆ ಅಂದ್ರೆ, ಆ ಹಳೇ ಫಾಂಟುಗಳಲ್ಲಿ ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡ ಅಕ್ಷರದ ತುಂಡುಗಳನ್ನು ಕೂರಿಸಿದ್ದಾರೆ. ಫಾಂಟ್ ಇದ್ದರೆ ಕನ್ನಡ ಕಾಣುತ್ತೆ, ಫಾಂಟ್ ತೆಗೆದರೆ ಒಳಗಿರೋದು ಇಂಗ್ಲಿಷ್ ಅಕ್ಷರಗಳೇ. ಗೂಗಲ್‌ಗೂ ಅದು ಕನ್ನಡ ಅಂತ ತಿಳಿಯೋದಿಲ್ಲ. ಆ ಕಾಲದಲ್ಲಿ ಬೇರೆ ದಾರಿ ಇರಲಿಲ್ಲ, ಅದನ್ನು ಕಟ್ಟಿದವರಿಗೆ ನಮಸ್ಕಾರ. ಆದರೆ ಯುನಿಕೋಡ್‌ನಲ್ಲಿ ಕನ್ನಡಕ್ಕೆ ತನ್ನದೇ ಜಾಗ ಸಿಕ್ಕಿದ್ದು 1991ರಲ್ಲಿ. ವಿಂಡೋಸ್ ಎಕ್ಸ್‌ಪಿ ತುಂಗಾ ಫಾಂಟಿನ ಜೊತೆ ಬಂದದ್ದು 2001ರಲ್ಲಿ. ಕನ್ನಡ ವಿಕಿಪೀಡಿಯ ಶುರುವಾದದ್ದು 2003ರಲ್ಲಿ. ನಾವೆಲ್ಲಾ ಬ್ಲಾಗಿಸೋಕೆ ಸಾಧ್ಯವಾಗಿದ್ದೂ ಅದರಿಂದಲೇ. ಹಳೇ ಫಾಂಟಿನದನ್ನು ಯುನಿಕೋಡ್‌ಗೆ ತಿರುಗಿಸುವ ಪರಿವರ್ತಕಗಳು ಪುಕ್ಕಟೆ ಸಿಗ್ತವೆ. ತಿರುಗಿಸಿ, ಒಮ್ಮೆ ಓದಿ ತಪ್ಪು ತಿದ್ದಿ, ಆಮೇಲೆ ಹಾಕಿದರೆ ಮುಗೀತು.

ಇದರ ಹೊಸ ಅವತಾರ ಇನ್ನೂ ಕೆಟ್ಟದು: ಪೋಸ್ಟರ್. ಪ್ರವೇಶ ಪ್ರಕಟಣೆ, ಫಲಿತಾಂಶ, ಜಾತ್ರೆಯ ಕಾರ್ಯಕ್ರಮ, ಎಲ್ಲಾ ಒಂದೊಂದು ಚಿತ್ರ. ಚಿತ್ರದೊಳಗಿನ ಕನ್ನಡವನ್ನು ಕಾಪಿ ಮಾಡೋಕಾಗಲ್ಲ, ಹುಡುಕಿದರೆ ಸಿಗೋ ಭರವಸೆ ಇಲ್ಲ, ಕಣ್ಣು ಕಾಣದವರಿಗೆ ಪರದೆಯನ್ನು ಓದಿಹೇಳುವ ತಂತ್ರಾಂಶಕ್ಕೆ ಅದು ಬರೀ ಒಂದು ಚೌಕ. ಭಾರದ ಲೆಕ್ಕವನ್ನೂ ನೋಡಿ. ಯುಟಿಎಫ್-8ರಲ್ಲಿ ಒಂದೊಂದು ಕನ್ನಡ ಚಿಹ್ನೆಗೆ 3 ಬೈಟ್. ಈ ಲೇಖನದಷ್ಟು ಉದ್ದದ ಬರಹ ಹೆಚ್ಚುಕಡಿಮೆ 40 ಕಿಲೋಬೈಟ್ ಒಳಗೇ ಮುಗಿಯುತ್ತೆ. ಮೊಬೈಲಿನಲ್ಲಿ ತೆಗೆದ ಒಂದು ಫೋಟೋ 4 ಮೆಗಾಬೈಟ್ ಅಂದುಕೊಂಡರೆ ಅದರಲ್ಲಿ ಇಂಥ ನೂರು ಲೇಖನ ಹಿಡಿಸುತ್ತೆ! ಸಿಗ್ನಲ್ ಒಂದೇ ಕಡ್ಡಿ ಇರುವ ಹೊಲದಲ್ಲಿ ನಿಂತು ಮಗಳ ಪ್ರವೇಶದ ಕೊನೇ ದಿನ ಯಾವುದು ಅಂತ ನೋಡುವ ತಂದೆಗೆ ಈ ವ್ಯತ್ಯಾಸ ಸಣ್ಣದಲ್ಲ. ಪೋಸ್ಟರ್ ಹಾಕಿ, ಬೇಡ ಅನ್ನೋದಿಲ್ಲ. ಅದರ ಕೆಳಗೆ ಅದೇ ವಿಷಯವನ್ನು ಅಕ್ಷರದಲ್ಲೂ ಬರೆಯಿರಿ.

ಇನ್ನೊಂದು ಸಣ್ಣ ಮಾತು. ಸಿದ್ಧ ಟೆಂಪ್ಲೇಟುಗಳು ಇಂಗ್ಲಿಷಿನ ಅಳತೆಗೆ ಹೊಲಿದ ಅಂಗಿಗಳು. ಅಲ್ಲಿ ಸಾಲುಗಳ ನಡುವೆ ಜಾಗ ಕಮ್ಮಿ. ನಮ್ಮ ಒತ್ತಕ್ಷರ ಕೆಳಗೆ ಇಳಿಯುತ್ತೆ. 'ರಾಷ್ಟ್ರ', 'ಸ್ತ್ರೀ' ಅಂತ ಬರೆದು ನೋಡಿ, ಕೆಳಗಿನ ಸಾಲಿಗೆ ತಾಗುತ್ತೆ. ಲೈನ್ ಹೈಟನ್ನು 1.6ರಿಂದ 1.8ಕ್ಕೆ ಏರಿಸಿದರೆ ಓದೋಕೆ ಹಿತ. ನೋಟೋ ಸಾನ್ಸ್ ಕನ್ನಡದಂಥ ಒಳ್ಳೇ ಫಾಂಟುಗಳು ಉಚಿತವಾಗಿ ಸಿಗ್ತವೆ.

ನಾಲ್ಕನೇ ಪ್ರಶ್ನೆ: "ಗೂಗಲ್‌ದಾಗ ನಮ್ದ ಮೊದಲ ಬರ್ಬೇಕು, ಹ್ಯಾಂಗ?"

ಜನ ಏನಂತ ಹುಡುಕ್ತಾರೋ ಆ ಪದ ನಿಮ್ಮ ಪುಟದಲ್ಲಿ ಇರಬೇಕು, ಮೊದಲ ಮಂತ್ರ ಅದು. ನಮ್ಮೂರ ಹೆಸರನ್ನೇ ತಗೊಳ್ಳಿ. ಆಲಮೇಲ ಅಂತ ಬರೆಯುವವರಿದ್ದಾರೆ, ಅಲಮೇಲ ಅನ್ನುವವರಿದ್ದಾರೆ, ಇಂಗ್ಲಿಷಿನಲ್ಲಿ ಎರಡು ಮೂರು ಸ್ಪೆಲ್ಲಿಂಗ್. ಬಿಜಾಪುರ 2014ರ ನವೆಂಬರ್ 1ಕ್ಕೆ ವಿಜಯಪುರ ಆಯಿತು, ಆದರೂ ಎಷ್ಟೋ ಜನರ ಬಾಯಲ್ಲಿ ಇನ್ನೂ ಬಿಜಾಪುರವೇ. ಸಂಪರ್ಕದ ಪುಟದಲ್ಲಿ ಇವನ್ನೆಲ್ಲಾ ಸಹಜವಾಗಿ ಒಂದೆರಡು ವಾಕ್ಯದಲ್ಲಿ, ಎರಡೂ ಭಾಷೆಯಲ್ಲಿ ಬರೆದರೆ ಹುಡುಕುವವರಿಗೆ ಸಿಗ್ತೀರಿ. ನೂರು ಸಲ ಊರ ಹೆಸರು ತುರುಕಬೇಕಿಲ್ಲ. 'ಮೊದಲ ಸ್ಥಾನ ಗ್ಯಾರಂಟಿ' ಅಂತ ದುಡ್ಡು ಕೇಳುವವರನ್ನು ನಂಬಲೂ ಬೇಕಿಲ್ಲ, ಆ ಗ್ಯಾರಂಟಿ ಯಾರ ಕೈಯಲ್ಲೂ ಇಲ್ಲ.

ಪುಟ ಯಾರದು, ಯಾವತ್ತಿನದು ಅಂತಲೂ ಬರೆದಿರಬೇಕು. ನಮ್ಮ ಸಿಂದಗಿ ಸೀಮೆಯಲ್ಲೇ ಹುಟ್ಟಿದ ಡಾ. ಎಂ. ಎಂ. ಕಲಬುರ್ಗಿಯವರಂಥ ವಿದ್ವಾಂಸರು ಶಾಸನಗಳಿಂದ ಅಷ್ಟೊಂದು ಇತಿಹಾಸ ತೆಗೆಯೋಕೆ ಸಾಧ್ಯವಾಗಿದ್ದಕ್ಕೆ ಒಂದು ಕಾರಣ, ದಾನ ಕೊಟ್ಟವರು ಯಾರು, ಯಾವ ವರ್ಷ, ಯಾವುದಕ್ಕೆ ಅಂತ ಕಲ್ಲಿನಲ್ಲಿ ಕೊರೆಸಿಟ್ಟಿರುತ್ತಿದ್ದದ್ದು. ನಮ್ಮ ಸೈಟುಗಳಲ್ಲಿ 'ಬರುವ ಸೋಮವಾರ ಪಾಲಕರ ಸಭೆ' ಅಂತ ಇರುತ್ತೆ. ಯಾವ ವರ್ಷದ ಸೋಮವಾರ?

ಕೊನೇ ಪ್ರಶ್ನೆ: "ಫೇಸ್‌ಬುಕ್ ಐತಿ, ವಾಟ್ಸಾಪ್ ಗ್ರೂಪ್ ಐತಿ, ಮತ್ಯಾಕ ವೆಬ್‌ಸೈಟ್?"

ಸುದ್ದಿ ಮುಟ್ಟಿಸೋಕೆ ಅವು ಚೆನ್ನ. ಕೂಡಿಡೋಕೆ ಅಲ್ಲ. ಜಿಯೋಸಿಟೀಸ್ 2009ರಲ್ಲಿ ಬಾಗಿಲು ಹಾಕಿತು, ಆರ್ಕುಟ್ 2014ರಲ್ಲಿ, ಗೂಗಲ್ ಪ್ಲಸ್ 2019ರಲ್ಲಿ. ಅಲ್ಲಿ ನಡೆದ ಕನ್ನಡದ ಹರಟೆ, ಜಗಳ, ಕವಿತೆ ಎಲ್ಲಾ ಎಲ್ಲಿ ಹೋದವು? "ನೀನು ಪುಕ್ಕಟೆ ಬ್ಲಾಗಿನಲ್ಲಿ ಕೂತು ಇದನ್ನ ಹೇಳ್ತೀಯಲ್ಲಪ್ಪಾ" ಅಂತ ನೀವು ಕೇಳಬಹುದು. ಕೇಳಿ, ನ್ಯಾಯವಾದ ಪ್ರಶ್ನೆ :-) ಬಾಡಿಗೆ ಮನೆಯಲ್ಲಿರೋದು ತಪ್ಪಲ್ಲ, ಸಾಮಾನಿನ ಪಟ್ಟಿ ನಮ್ಮ ಹತ್ತಿರ ಇರಬೇಕು ಅಷ್ಟೇ. ಬ್ಲಾಗರ್‌ನಲ್ಲೂ ವರ್ಡ್‌ಪ್ರೆಸ್‌ನಲ್ಲೂ ಬರೆದದ್ದನ್ನೆಲ್ಲಾ ಇಳಿಸಿಕೊಳ್ಳುವ ಸೌಲಭ್ಯ ಇದೆ. ತಿಂಗಳಿಗೊಮ್ಮೆ ಇಳಿಸಿ ಪೆನ್‌ಡ್ರೈವಿನಲ್ಲಿ ಇಡ್ತೀನಿ. ವಾಟ್ಸಾಪ್ ಗ್ರೂಪಿನಲ್ಲಿ ಎರಡು ವರ್ಷದ ಹಿಂದೆ ಬಂದ ನೋಟೀಸನ್ನು ಒಮ್ಮೆ ಹುಡುಕಿ ನೋಡಿ, ವ್ಯತ್ಯಾಸ ಗೊತ್ತಾಗುತ್ತೆ.

ಇದನ್ನೆಲ್ಲಾ ಬ್ಲಾಗ್ ಗೆಳೆಯರಿಗೆ ಯಾಕೆ ಹೇಳ್ತಿದ್ದೀನಿ? ಯಾಕಂದ್ರೆ ನಿಮಗೂ ನಿಮ್ಮೂರಿನಲ್ಲಿ ಇದೇ ಪ್ರಶ್ನೆ ಕೇಳ್ತಾರೆ. ನಾವು ಅವಸರದಲ್ಲಿ "ಯಾವುದಾದ್ರೂ ಟೆಂಪ್ಲೇಟ್ ಹಾಕಿಬಿಡಿ" ಅಂದುಬಿಡ್ತೀವಿ. ಇನ್ಮೇಲೆ ಯಾರಾದರೂ ಕೇಳಿದರೆ ಬಣ್ಣದ ಮಾತಿಗೆ ಮೊದಲು ತಿರುಗಿ ನಾಲ್ಕು ಪ್ರಶ್ನೆ ಕೇಳೋಣ. ಡೊಮೈನ್ ಯಾರ ಹೆಸರಲ್ಲಿ, ಯಾರ ಇಮೇಲಿನಲ್ಲಿ? ಕನ್ನಡ ಯುನಿಕೋಡ್‌ನಲ್ಲಿದೆಯಾ, ಚಿತ್ರದಲ್ಲಿದೆಯಾ? ಮಾಡಿಕೊಟ್ಟವನು ಊರು ಬಿಟ್ಟರೆ ಮುಂದೆ ಯಾರು ನೋಡ್ಕೋತಾರೆ? ಪೂರ್ತಿ ಸೈಟಿನ ಒಂದು ಪ್ರತಿ ಬೇರೆ ಎಲ್ಲಿದೆ? ಈ ನಾಲ್ಕಕ್ಕೆ ಉತ್ತರ ಸಿಕ್ಕ ಮೇಲೆ ಬಣ್ಣ ಯಾವುದಾದರೂ ಇರಲಿ, ನೀಲಿಯೋ ಹಸಿರೋ.

ನಿಮ್ಮ ಕಡೆ ಜನ ಏನೇನು ಕೇಳ್ತಾರೆ, ನೀವು ಏನು ಹೇಳ್ತೀರಿ ಅಂತ ಕಾಮೆಂಟಿಸಿ. ನಾನು ಬಿಟ್ಟದ್ದು ಏನಾದರೂ ಇದ್ದರೆ ಸೇರಿಸಿ. ಮುಂದಿನ ಸಲ ಊರಿಗೆ ಹೋಗುವಾಗ ಇದನ್ನೇ ಒಂದು ಪುಟಕ್ಕೆ ಇಳಿಸಿ, ಪ್ರಿಂಟ್ ತೆಗೆದು ಒಯ್ಯಬೇಕು ಅಂತಿದ್ದೀನಿ. ಯುನಿಕೋಡ್‌ನಲ್ಲೇ, ಮತ್ತೆ!