ತೇಪೆ ಪರೀಕ್ಷೆ

ಹಡಪ್ಸರ್‌ನಲ್ಲಿ ನಮ್ಮ ಬೀದಿಯೊಂದರಲ್ಲೇ ಮೂರು ಬ್ಯೂಟಿ ಪಾರ್ಲರ್‌ಗಳಿವೆ. ನಾನು ಐಬ್ರೋ ಮಾಡಿಸಲು ಹೋಗುವುದು ಅವುಗಳಲ್ಲಿ ತೀರಾ ಚಿಕ್ಕದಕ್ಕೆ. ಎರಡು ಕುರ್ಚಿ, ಒಂದು ಪರದೆ, ಪರದೆಯ ಹಿಂದೆ ವ್ಯಾಕ್ಸ್ ಮಾಡುವ ಮಂಚ, ಅಷ್ಟೇ. ಹೋದ ವರ್ಷ ಒಂದು ದಿನ ಅಲ್ಲಿ ಕೂತು ಅಮ್ಮನ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದೆ. ಫೋನ್ ಇಟ್ಟ ಕೂಡಲೇ, ದಾರ ಹಿಡಿದು ಕಾಯುತ್ತಿದ್ದ ಹುಡುಗಿ "ಅಕ್ಕಾರ, ನೀವು ನಮ್ಮ ಕಡ್ಯಾವ್ರೇನ್ರಿ?" ಅಂದಳು. ಇಂಡಿ ತಾಲ್ಲೂಕಿನವಳು. ವಿಜಯಪುರದಲ್ಲಿ ಸರ್ಕಾರಿ ಯೋಜನೆಯ ಬ್ಯೂಟಿಷಿಯನ್ ಕೋರ್ಸ್ ಮುಗಿಸಿ, ಅಣ್ಣ ಇರುವ ಊರೆಂದು ಪುಣೆಗೆ ಬಂದವಳು.

ಆಮೇಲೆ ಪ್ರತಿ ಸಲ ಮಾತು. ಒಮ್ಮೆ ಕೋರ್ಸಿನ ಪುಸ್ತಕ ತೋರಿಸಿದಳು. ಕನ್ನಡದ ಪುಸ್ತಕ. ಎರಡನೇ ಪುಟ ತಿರುವಿದಾಗಲೇ ನನಗೆ ಕೈ ತಣ್ಣಗಾಯಿತು. ಅದು ನಾನು ಅನುವಾದ ಮಾಡಿದ್ದು.

"ಇದ ಏನ್ರಿ ಅಕ್ಕಾರ, ತೇಪೆ ಪರೀಕ್ಷೆ? ತೇಪಿ ಅಂದ್ರ ಹರದ ಅರಬಿಗೆ ಹಚ್ಚೂದಲ್ರಿ? ನಮ್ಮ ಕ್ಲಾಸಿನ್ಯಾಗ ಎಲ್ಲಾರೂ ನಕ್ಕ ಬಿಟ್ಟೇವಿ. ಮ್ಯಾಡಮ್ಮೂ ಮುಂದಿನ ಪಾನಿಗೆ ಹೋದ್ರು."

ಪ್ಯಾಚ್ ಟೆಸ್ಟ್. ಕೂದಲಿಗೆ ಬಣ್ಣ ಹಚ್ಚುವ 48 ಗಂಟೆ ಮೊದಲು, ಕಿವಿಯ ಹಿಂದೆಯೋ ಮೊಣಕೈ ಒಳಮಡಿಕೆಯಲ್ಲೋ ಒಂದು ಚೂರು ಹಚ್ಚಿ ನೋಡುವುದು. ಕಪ್ಪು ಡೈಗಳಲ್ಲಿ ಸಾಮಾನ್ಯವಾಗಿ ಇರುವ ಪಿಪಿಡಿ ಎಂಬ ರಾಸಾಯನಿಕ ಕೆಲವರಿಗೆ ಒಗ್ಗುವುದಿಲ್ಲ. ಮುಖ ಊದಿಕೊಳ್ಳುತ್ತದೆ, ಕಣ್ಣು ಮುಚ್ಚಿಹೋಗುವಷ್ಟು. ಆ ಬ್ಯಾಚಿನಲ್ಲಿ ಒಬ್ಬಳಿಗೆ ಹಾಗೆಯೇ ಆಯಿತಂತೆ. ಹುಡುಗಿಯರು ಒಬ್ಬರ ಮೇಲೊಬ್ಬರು ಕಲಿಯುವುದು ಈ ಕೋರ್ಸಿನ ಪದ್ಧತಿ. ಡೈ ಹಚ್ಚಿದ ಮರುದಿನ ಅವಳ ಹಣೆ, ರೆಪ್ಪೆ ಊದಿ ನಾಲ್ಕು ದಿನ ಕ್ಲಾಸಿಗೆ ಬರಲಿಲ್ಲ. ಅದನ್ನು ತಡೆಯಬೇಕಿದ್ದ ಪುಟ ಅವರ ಕೈಯಲ್ಲೇ ಇತ್ತು, ಅವರದೇ ಭಾಷೆಯಲ್ಲಿತ್ತು, ನಾನೇ ಬರೆದಿದ್ದೆ.

ಆ ದಿನ ಅವಳಿಗೆ ನಾನು ಯಾರೆಂದು ಹೇಳಲಿಲ್ಲ. ಹೇಳಿದ್ದು ಎರಡು ತಿಂಗಳ ನಂತರ.

ನನ್ನ ಸಮರ್ಥನೆಗೆ ಒಂದು ಮಾತಿದೆ, ಹೇಳಿಬಿಡುತ್ತೇನೆ. ಇಂಥ ಕೆಲಸ ಬರುವುದು ಏಜೆನ್ಸಿಯ ಮೂಲಕ, ಪದಕ್ಕೆ ಇಷ್ಟು ಪೈಸೆ ಎಂಬ ಲೆಕ್ಕದಲ್ಲಿ. ಜೊತೆಗೆ ಒಂದು ಪದಪಟ್ಟಿ ಬರುತ್ತದೆ, ಅದನ್ನು ಮೀರುವಂತಿಲ್ಲ. ಪ್ಯಾಚ್ ಅಂದರೆ ತೇಪೆ, ಟೆಸ್ಟ್ ಅಂದರೆ ಪರೀಕ್ಷೆ ಎಂದು ಪಟ್ಟಿಯಲ್ಲಿತ್ತು. ಆದರೆ ಭಾಷಾವಿಜ್ಞಾನದಲ್ಲಿ ಎಂ.ಎ. ಮಾಡಿದವಳು ನಾನು, ಆ ಪದ ಕೆಲಸ ಮಾಡುವುದಿಲ್ಲ ಎಂದು ಗೊತ್ತಿದ್ದೂ ಟೈಪ್ ಮಾಡಿದೆ. ಡೆವಲಪರ್ ಎಂಬುದಕ್ಕೆ 'ಅಭಿವೃದ್ಧಿಕಾರಕ' ಎಂದು ಬರೆದೆ. ಯಾರೋ ಶಾಸಕರ ವಿಶೇಷಣದ ಹಾಗಿದೆ ಅಂತ ಆಗಲೇ ನನಗೆ ನಗು ಬಂದಿತ್ತು.

ಇನ್ನೂ ಕೆಟ್ಟದ್ದು 'ವಾಲ್ಯೂಮ್'. ಬಣ್ಣದ ಜೊತೆ ಕಲಸುವ ಹೈಡ್ರೋಜನ್ ಪೆರಾಕ್ಸೈಡ್‌ನ ಕಾವು ಎಷ್ಟು ಎಂದು ಹೇಳುವ ಅಳತೆ ಅದು. 20 ವಾಲ್ಯೂಮ್ ಅಂದರೆ ಶೇ. 6, 30 ಅಂದರೆ ಶೇ. 9, 40 ಅಂದರೆ ಶೇ. 12. ಒಂದು ಲೀಟರ್ ದ್ರಾವಣದಿಂದ ಎಷ್ಟು ಲೀಟರ್ ಆಮ್ಲಜನಕ ಹೊರಡುತ್ತದೆ ಎಂಬುದರಿಂದ ಆ ಸಂಖ್ಯೆ ಬಂದದ್ದು. ನಾನು '20 ಪರಿಮಾಣ' ಎಂದು ಬರೆದಿದ್ದೆ. ಹುಡುಗಿ ಅದನ್ನು 20 ಎಂ.ಎಲ್. ಎಂದು ಓದಿಕೊಂಡಿದ್ದಳು. ಯಾವ ಬಾಟಲಿಯಿಂದ ಅಳೆಯಬೇಕು ಎಂಬುದೇ ಮುಖ್ಯ ಎನ್ನುವುದು ಆ ವಾಕ್ಯದಲ್ಲಿ ಎಲ್ಲಿಯೂ ಇರಲಿಲ್ಲ. 40 ವಾಲ್ಯೂಮಿನ ಬಾಟಲಿಯಿಂದ 20 ಎಂ.ಎಲ್. ಸುರಿದರೆ ನೆತ್ತಿಯ ಗತಿ ಏನು?

ಇದನ್ನು ಓದಿ 'ನೋಡಿ, ಇದಕ್ಕೇ ತಾಂತ್ರಿಕ ವಿಷಯ ಇಂಗ್ಲಿಷಿನಲ್ಲೇ ಇರಲಿ' ಎನ್ನುವವರು ನಿಮ್ಮಲ್ಲಿ ಕೆಲವರಾದರೂ ಇರುತ್ತೀರಿ. ನಾನು ಅದನ್ನು ಒಪ್ಪುವುದಿಲ್ಲ. ಹತ್ತನೇ ಕ್ಲಾಸಿನವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ ಹುಡುಗಿಗೆ ಇಂಗ್ಲಿಷ್ ಪುಸ್ತಕ ಕೊಟ್ಟರೆ ಅವಳು ನಗುವುದೂ ಇಲ್ಲ, ಬಾಯಿಪಾಠ ಮಾಡುತ್ತಾಳೆ. ನಕ್ಕಾಗ ಕನಿಷ್ಠ ಅರ್ಥವಾಗಿಲ್ಲ ಎಂಬುದು ಎಲ್ಲರಿಗೂ ಗೊತ್ತಾಗುತ್ತದೆ.

ಹಾಗೆಂದು ಎಲ್ಲಕ್ಕೂ ಕನ್ನಡ ಪದ ಕಟ್ಟಿ ಎಂದೂ ನಾನು ಹೇಳುತ್ತಿಲ್ಲ. ಈ ಹುಡುಗಿಯರು ಕೋರ್ಸಿಗೆ ಬರುವುದೇ ಅರ್ಧ ಆ ಇಂಗ್ಲಿಷ್ ಹೆಸರುಗಳಿಗಾಗಿ. ಐಟಿಐಗಳಲ್ಲಿ ಕಾಸ್ಮೆಟಾಲಜಿ ಎಂಬ ಒಂದು ವರ್ಷದ ಟ್ರೇಡ್ ಇದೆ. 2015ರಲ್ಲಿ ಆರಂಭವಾದ ಪ್ರಧಾನಮಂತ್ರಿ ಕೌಶಲ ವಿಕಾಸ ಯೋಜನೆಯಲ್ಲಿ ಅದಕ್ಕಿಂತ ಚಿಕ್ಕ ಕೋರ್ಸುಗಳು ನಡೆದವು. ದುಡ್ಡಿದ್ದವರಿಗೆ ಜ್ಯೂರಿಕ್‌ನ ಸಿಡೆಸ್ಕೊ ಡಿಪ್ಲೊಮಾ. 'ಕಾಸ್ಮೆಟಾಲಜಿ' ಎಂಬ ಹೆಸರಿಗೇ ಒಂದು ಬೆಲೆಯಿದೆ. ಕೂದಲು ಕತ್ತರಿಸುವ ಕಸುಬನ್ನು ತಲೆಮಾರುಗಳಿಂದ ಮಾಡಿಕೊಂಡು ಬಂದವರಿಗೆ ನಮ್ಮ ಊರುಗಳು ಕೊಟ್ಟ ಮರ್ಯಾದೆ ಎಂಥದು ಎಂದು ನಿಮಗೆ ಗೊತ್ತು. ಅದೇ ಕೆಲಸಕ್ಕೆ ಗ್ರೀಕ್ ಮೂಲದ ಹೆಸರು ಅಂಟಿದ ಮೇಲೆ ಬೇರೆ ಜಾತಿಗಳ ಮನೆಯವರೂ ಮಗಳನ್ನು ಕಳಿಸಲು ಒಪ್ಪಿದರು. ಇದು ನನಗೆ ಅಷ್ಟು ಖುಷಿ ಕೊಡುವ ಸಂಗತಿಯಲ್ಲ. ಆದರೆ ಆ ಹೆಸರನ್ನು ಕಿತ್ತು 'ಸೌಂದರ್ಯವರ್ಧನಶಾಸ್ತ್ರ' ಎಂದು ಹಚ್ಚಲು ನಾನು ಯಾರು?

ಈ ರಂಗದಲ್ಲಿ ಹೆಸರು ಹಗುರವಾದ ವಿಷಯವಲ್ಲ. ಮುಂಬಯಿಯ ಸಿನಿಮಾ ರಂಗದಲ್ಲಿ ಹೆಂಗಸರಿಗೆ ಸಂಘದ ಕಾರ್ಡ್ ಸಿಗುತ್ತಿದ್ದುದು ಹೇರ್ ಡ್ರೆಸರ್ ಎಂದು. ಮೇಕಪ್ ಆರ್ಟಿಸ್ಟ್ ಎಂದು ಕೊಡುತ್ತಿರಲಿಲ್ಲ. ಚಾರು ಖುರಾನಾ ತರಬೇತಿ ಪಡೆದು ಬಂದರೂ ಬಾಗಿಲು ತೆರೆಯಲಿಲ್ಲ. 2014ರಲ್ಲಿ ಸುಪ್ರೀಂ ಕೋರ್ಟ್ ಹೇಳಬೇಕಾಯಿತು. ಜಗಳ ಇದ್ದದ್ದು ಕಾರ್ಡಿನ ಮೇಲಿನ ಎರಡು ಪದಗಳಿಗೆ.

ಆದ್ದರಿಂದ ಹೆಸರುಗಳನ್ನು ಬಿಟ್ಟುಬಿಡೋಣ. ಫೇಶಿಯಲ್, ಟೋನರ್, ಡೆವಲಪರ್ ಹಾಗೇ ಇರಲಿ, ಗಿರಾಕಿ ಕೇಳುವುದೂ ಅದನ್ನೇ. ಕನ್ನಡ ಬೇಕಾಗಿರುವುದು ಕ್ರಿಯಾಪದಗಳಲ್ಲಿ, ಎಚ್ಚರಿಕೆಗಳಲ್ಲಿ, 'ಯಾಕೆ' ಎಂಬಲ್ಲಿ. ಮಸಾಜ್ ಪಾಠವನ್ನೇ ನೋಡಿ. ಎಫ್ಲರಾಜ್, ಪೆಟ್ರಿಸಾಜ್, ಟಪೋಟ್‌ಮಾ ಎಂಬ ಮೂರು ಫ್ರೆಂಚ್ ಹೆಸರುಗಳನ್ನು ಹುಡುಗಿಯರು ಪರೀಕ್ಷೆಗೆ ಉರುಹೊಡೆಯುತ್ತಾರೆ. ಮೊದಲನೆಯದು ಹಗುರಾಗಿ ಸವರುವುದು. ಎರಡನೆಯದರ ಮೂಲ ಹಿಟ್ಟು ನಾದುವ ಕ್ರಿಯಾಪದ. ಮೂರನೆಯದು ತಟ್ಟುವುದು. ಚಪಾತಿ ಹಿಟ್ಟು ನಾದಿ, ರೊಟ್ಟಿ ತಟ್ಟಿ ಬೆಳೆದ ಹುಡುಗಿಗೆ ಈ ಪಾಠ ಅರ್ಧ ನಿಮಿಷದ್ದು. ಸವರು, ನೀವು, ತಿಕ್ಕು, ಉಜ್ಜು, ಹಿಸುಕು, ಒತ್ತು, ನಾದು, ತಟ್ಟು, ಗುದ್ದು: ಕೈ ಎಷ್ಟು ಭಾರ ಬೀಳಬೇಕು ಎಂಬುದನ್ನು ಇಷ್ಟು ಸೂಕ್ಷ್ಮವಾಗಿ ಹೇಳುವ ಭಾಷೆ ಇಟ್ಟುಕೊಂಡು ನಾನು 'ಮರ್ದನ ವಿಧಾನ 1, 2, 3' ಎಂದು ಬರೆದಿದ್ದೆ.

ಕಾಂಟ್ರಾಇಂಡಿಕೇಷನ್ ಎಂಬುದಕ್ಕೆ ನಾನು ಕೊಟ್ಟದ್ದು 'ವಿರುದ್ಧ ಸೂಚನೆಗಳು'. ಮೊಡವೆಗೆ ಐಸೊಟ್ರೆಟಿನಾಯಿನ್ ಮಾತ್ರೆ ತಿನ್ನುತ್ತಿರುವವರಿಗೆ ವ್ಯಾಕ್ಸ್ ಮಾಡಿದರೆ ಕೂದಲಿನ ಜೊತೆ ಚರ್ಮವೂ ಕಿತ್ತು ಬರಬಹುದು. ಆ ಎಚ್ಚರಿಕೆ ಇದ್ದದ್ದು ಈ ತಲೆಬರಹದ ಕೆಳಗೆ. 'ಇಂಥವರಿಗೆ ಮಾಡಬಾರದು' ಎಂದು ಬರೆಯಲು ನನಗೆ ಏನು ದಾಡಿಯಾಗಿತ್ತು?

ಕನ್ನಡದಲ್ಲಿ ಬರೆದರೆ ಎಲ್ಲವೂ ಸರಿಹೋಗುತ್ತದೆ ಎಂದೂ ಅಲ್ಲ. ನಮ್ಮ ಭಾಷೆಗೆ ಅದರದೇ ಕಾಯಿಲೆಗಳಿವೆ. 'ಹುಡುಗಿಗೆ ಬಣ್ಣ ಕಡಿಮೆ' ಎನ್ನುತ್ತೇವಲ್ಲ, ಅಲ್ಲಿ ಬಣ್ಣ ಅಂದರೆ ಬಿಳುಪು ಮಾತ್ರ. ಕಪ್ಪು ಬಣ್ಣವೇ ಅಲ್ಲ. ಬಿಸಿಲಿಗೆ ಚರ್ಮ ಹೇಗೆ ಪ್ರತಿಕ್ರಿಯಿಸುತ್ತದೆ ಎಂದು ಅಳೆಯುವ ಫಿಟ್ಸ್‌ಪ್ಯಾಟ್ರಿಕ್ ಮಾಪಕ 1975ರಲ್ಲಿ ಬಂದಾಗ ಬಿಳಿ ಚರ್ಮಕ್ಕಷ್ಟೇ ಇತ್ತು, ನಮ್ಮಂಥವರ ಚರ್ಮಗಳು ಆಮೇಲೆ ಸೇರಿದವು. ಆ ಪುಟ ಅನುವಾದಿಸುವಾಗ ಮಾತ್ರ ನಾನು ಪದಪಟ್ಟಿ ಮುರಿದಿದ್ದೆ: ಎಣ್ಣೆಗೆಂಪು, ನಸುಗಪ್ಪು, ಕಡುಗಪ್ಪು ಎಂದು ಬರೆದಿದ್ದೆ. ಯಾರೂ ತಿದ್ದಲಿಲ್ಲ. ಓದಿಯೇ ಇರಲಿಕ್ಕಿಲ್ಲ.

ಭಾರತದಲ್ಲಿ ಪಾರ್ಲರ್ ಕೆಲಸಕ್ಕೆ ವೈದ್ಯರಿಗೆ ಇರುವಂಥ ಪರವಾನಗಿ ಇಲ್ಲ. ಹುಡುಗಿ ಏನು ಕಲಿತಳು ಎಂಬುದಕ್ಕೆ ಇರುವ ಒಂದೇ ಕಾವಲು ಆ ತರಗತಿ, ಆ ಪುಸ್ತಕ. ನಾನು ಕೇಳುತ್ತಿರುವುದು ಎರಡೇ: ಅನುವಾದ ಅಚ್ಚಿಗೆ ಹೋಗುವ ಮೊದಲು ಹತ್ತು ಹುಡುಗಿಯರ ಎದುರು ಗಟ್ಟಿಯಾಗಿ ಓದಿಸಿ, ಅವರು ನಗುವ ಕಡೆ, ಸುಮ್ಮನಾಗುವ ಕಡೆ ಗುರುತು ಹಾಕಿಕೊಳ್ಳಿ. ಮತ್ತೆ, ಎಚ್ಚರಿಕೆಗಳ ಪರೀಕ್ಷೆಯನ್ನು ಬಾಯಲ್ಲಿ ಕೇಳಿ, ಅವಳ ಮಾತಿನಲ್ಲೇ ಹೇಳಲಿ. ಇದಕ್ಕೆ ಖರ್ಚಾಗುವುದು ಒಂದು ಮಧ್ಯಾಹ್ನ.

ಪುಸ್ತಕ ನನ್ನದೆಂದು ಹೇಳಿದಾಗ ಹುಡುಗಿ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ "ಹಂಗಾರ ಈಗ ಬರ್ಕೋರಿ" ಎಂದು, ದಾರ ಬಿಡದೆ ಹೇಳಿದಳು:

"ಬಣ್ಣ ಹಚ್ಚೂ ಎರಡ ದಿನ ಮೊದಲ ಕಿವಿ ಹಿಂದ ಒಂಚೂರ ಹಚ್ಚಿ ಬಿಡ್ರಿ. ತುರಸಿದ್ರ, ಕೆಂಪಾದ್ರ, ಬಾತ್ರ, ಅವ್ರಿಗೆ ಹಚ್ಚಬ್ಯಾಡ್ರಿ. ರೊಕ್ಕಾ ಕೊಟ್ರೂ ಹಚ್ಚಬ್ಯಾಡ್ರಿ."

ಕಡೆಯ ವಾಕ್ಯ ಮೂಲದಲ್ಲಿಲ್ಲ. ಅದನ್ನೂ ಸೇರಿಸಿಯೇ ಏಜೆನ್ಸಿಗೆ ಕಳಿಸಿದೆ. ಒಪ್ಪಿಗೆಯಾದ ಪದಪಟ್ಟಿಯನ್ನು ಬದಲಿಸಲು ಬರುವುದಿಲ್ಲ ಎಂದು ಉತ್ತರ ಬಂತು. ಈ ವಾರ ಮತ್ತೆ ಬರೆದಿದ್ದೇನೆ.