‘ಲಿನಕ್ಸ್‌ನವರು ಕಾಸು ಬಿಚ್ಚುವುದಿಲ್ಲ’ ಎಂಬ ನೆಪ



ವಿನ್ಯಾಸದ ತಂತ್ರಾಂಶಗಳು ಲಿನಕ್ಸ್‌ಗೆ ಬರಬೇಕೆಂದು ಕೇಳುವುದೇ ದಂಡ ಎಂಬ ಧಾಟಿಯ ಲೇಖನವೊಂದು ಕಳೆದ ವಾರ ನಿಮ್ಮ ಪತ್ರಿಕೆಯಲ್ಲಿ ಪ್ರಕಟವಾಗಿದೆ. ಲಿನಕ್ಸ್ ಬಳಸುವವರು ಕಾಸು ಬಿಚ್ಚುವವರಲ್ಲ, ಹಾಗಾಗಿ ಫೋಟೊಶಾಪ್, ಕೋರೆಲ್‌ಡ್ರಾಗಳನ್ನು ಅಲ್ಲಿಗೆ ಒಯ್ಯುವುದು ಕಂಪನಿಗಳಿಗೆ ನಷ್ಟದ ಬಾಬ್ತು ಎಂದು ಲೇಖಕರು ಹೇಳುತ್ತಾರೆ. ಗದಗಿನಲ್ಲಿ ಲಗ್ನಪತ್ರಿಕೆ, ಕರಪತ್ರ, ಪುಸ್ತಕಗಳ ಡಿಟಿಪಿ ಮಾಡಿಕೊಂಡಿರುವ ನನಗೆ ಈ ಮಾತು ಒಪ್ಪಿಗೆಯಿಲ್ಲ.

ಕಾಸು ಬಿಚ್ಚದವರು ಯಾರು? ಲೇಖಕರು ಯಾವುದಾದರೂ ಊರಿನ ಡಿಟಿಪಿ ಅಂಗಡಿಗಳನ್ನು ಒಂದು ಸುತ್ತು ಹಾಕಿ ಬರಲಿ. ಕ್ರ್ಯಾಕ್ ಮಾಡಿದ ಕೋರೆಲ್, ಕ್ರ್ಯಾಕ್ ಮಾಡಿದ ಫೋಟೊಶಾಪ್, 2001ರ ಏಳನೇ ಆವೃತ್ತಿಗೇ ನಿಂತುಹೋದ ಪೇಜ್‌ಮೇಕರ್. ಎಲ್ಲವೂ ಓಡುತ್ತಿರುವುದು ವಿಂಡೋಸ್‌ನಲ್ಲಿ. ಕಳ್ಳಪ್ರತಿ ಹೆಚ್ಚಾಯಿತೆಂದು ಕಂಪನಿಗಳೇನೂ ವಿಂಡೋಸ್ ತೊರೆದು ಹೋಗಲಿಲ್ಲ.

ಇತ್ತ ಸಿನಿಮಾ ಗ್ರಾಫಿಕ್ಸ್ ಮಾಡುವ ಸ್ಟುಡಿಯೊಗಳನ್ನು ನೋಡಿ. ಮಾಯಾ, ಹೌದಿನಿ, ನ್ಯೂಕ್‌ಗಳು ನಮ್ಮಂಥವರು ಬೆಲೆ ಕೇಳಿಯೇ ಸುಮ್ಮನಾಗುವಂಥ ತಂತ್ರಾಂಶಗಳು. ದೊಡ್ಡ ಸ್ಟುಡಿಯೊಗಳು ಅವನ್ನು ದುಡ್ಡು ಕೊಟ್ಟು ಕೊಂಡು ಲಿನಕ್ಸ್‌ನಲ್ಲೇ ಬಳಸುತ್ತವೆ. ಇದು ಧರ್ಮಕಾರ್ಯವಾಗಿ ಆದದ್ದಲ್ಲ. 1990ರ ದಶಕದ ಕೊನೆಯ ಹೊತ್ತಿಗೆ ಹಾಲಿವುಡ್ಡಿನವರಿಗೆ ಸಿಲಿಕಾನ್ ಗ್ರಾಫಿಕ್ಸ್ ಕಂಪನಿಯ ದುಬಾರಿ ಯಂತ್ರಗಳು ಭಾರವಾಗತೊಡಗಿದ್ದವು. ಆ ಯಂತ್ರಗಳಲ್ಲಿದ್ದದ್ದು ಯುನಿಕ್ಸ್; ಅಗ್ಗದ ಪಿಸಿಗಳಿಗೆ ಹಾರುವಾಗ ಅದಕ್ಕೆ ಹತ್ತಿರದ ಲಿನಕ್ಸ್ ಕೈಗೆ ಸಿಕ್ಕಿತು. ದೊಡ್ಡ ಗಿರಾಕಿ ಹೋದಲ್ಲಿಗೆ ಮಾರುವವರೂ ಹೋದರು.

ಕೋರೆಲ್ ಕಂಪನಿ 2000ರಲ್ಲಿ ಕೋರೆಲ್‌ಡ್ರಾವನ್ನು ಲಿನಕ್ಸ್‌ಗೆ ತಂದು ಕೈಸುಟ್ಟುಕೊಂಡ ಕತೆಯನ್ನು ಲೇಖಕರು ಹೇಳಿದ್ದಾರೆ, ಆದರೆ ಅರ್ಧ ಮಾತ್ರ. ಆಗ ಬಂದ ಕೋರೆಲ್‌ಡ್ರಾ 9 ಲಿನಕ್ಸ್‌ಗಾಗಿ ಹೊಸದಾಗಿ ಬರೆದದ್ದಲ್ಲ. ವಿಂಡೋಸಿನ ಪ್ರೋಗ್ರಾಮನ್ನೇ ವೈನ್ ಎಂಬ ಆಸರೆಯ ಮೇಲೆ ನಿಲ್ಲಿಸಿದ್ದು. ಕಂಪನಿಯೂ ಆಗ ಹಣದ ಮುಗ್ಗಟ್ಟಿನಲ್ಲಿತ್ತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಮೈಕ್ರೋಸಾಫ್ಟ್ 13.5 ಕೋಟಿ ಡಾಲರ್ ಕೊಟ್ಟು ಅದರ ಷೇರು ಕೊಂಡಿತು. ಮರುವರ್ಷ ಕೋರೆಲ್ ತನ್ನ ಲಿನಕ್ಸ್ ವಿಭಾಗವನ್ನು ಮಾರಿತು. (ಎರಡಕ್ಕೂ ಗಂಟು ಹಾಕುವ ಕೆಲಸ ನನ್ನದಲ್ಲ.) ಇಪ್ಪತ್ತೈದು ವರ್ಷ ಹಿಂದಿನ ಆ ಅವಸರದ ಯತ್ನವನ್ನು ತೋರಿಸಿ ಇಂದಿನ ಬಾಗಿಲು ಹಾಕುವುದು ಯಾವ ನ್ಯಾಯ?

ಕೋರೆಲ್, ಫೋಟೊಶಾಪ್‌ಗಳು ಲಿನಕ್ಸ್‌ಗೆ ಬರಬೇಕಾಗಿಯೇ ಇಲ್ಲ, ಇಂಕ್‌ಸ್ಕೇಪ್, ಗಿಂಪ್‌ನಂಥ ಮುಕ್ತ ತಂತ್ರಾಂಶಗಳು ಇವೆಯಲ್ಲ ಎನ್ನುವ ಸ್ವತಂತ್ರ ತಂತ್ರಾಂಶದ ಗೆಳೆಯರ ಮೇಲೂ ನನಗೆ ತಕರಾರಿದೆ. ಮಾನಿಟರಿನ ಮೂರು ಬಣ್ಣ ಬೇರೆ, ಆಫ್‌ಸೆಟ್ ಮಷೀನಿನ ನಾಲ್ಕು ಪ್ಲೇಟು ಬೇರೆ. ಇಂಕ್‌ಸ್ಕೇಪ್ ಕೆಲಸ ಮಾಡುತ್ತ ಬಂದಿರುವುದು ಮಾನಿಟರಿನ ಲೆಕ್ಕದಲ್ಲೇ. ಪುಟ ಕಟ್ಟುವ ಮುಕ್ತ ತಂತ್ರಾಂಶ ಸ್ಕ್ರೈಬಸ್ ಮಾತ್ರ ಮುದ್ರಣ ಬಲ್ಲದ್ದು: ನಾಲ್ಕು ಬಣ್ಣ, ಸ್ಪಾಟ್ ಕಲರ್, ಪ್ರೆಸ್ಸಿಗೆ ಬೇಕಾದ ಪಿಡಿಎಫ್ ಎಲ್ಲ ಕೊಡುತ್ತದೆ. ಆದರೆ ಕನ್ನಡದಂಥ ಲಿಪಿಗಳ ಒತ್ತಕ್ಷರ ಕೂಡಿಸುವ ಸೌಕರ್ಯ ಅದರ ಸ್ಥಿರ ಆವೃತ್ತಿಗೆ ಬಂದದ್ದು 2024ರ ಜನವರಿಯಲ್ಲಿ, 1.6ರೊಂದಿಗೆ. ಕೇರಳದ ಜನಯುಗಂ ದಿನಪತ್ರಿಕೆ ಅದಕ್ಕೂ ಮೊದಲೇ, 2019ರಲ್ಲಿ, ಇಡೀ ಪತ್ರಿಕೆಯನ್ನು ಲಿನಕ್ಸ್ ಮತ್ತು ಸ್ಕ್ರೈಬಸ್‌ಗೆ ತಂದಿತು. ಮೆಚ್ಚಬೇಕಾದ ಕೆಲಸ. ಆದರೆ ಪತ್ರಿಕೆಯಲ್ಲಿ ಸುದ್ದಿ ಬರೆಯುವುದರಿಂದ ಪುಟ ಕಟ್ಟುವತನಕ ಎಲ್ಲವೂ ಮನೆಯೊಳಗೇ ನಡೆಯುತ್ತದೆ. ಜಾಬ್ ವರ್ಕ್ ಮಾಡುವವನಿಗೆ ಆ ಭಾಗ್ಯವಿಲ್ಲ. ಗಿರಾಕಿ ಪೆನ್ ಡ್ರೈವಿನಲ್ಲಿ ತರುವುದು ಕೋರೆಲ್ ಫೈಲು, ಫ್ಲೆಕ್ಸ್ ಮಷೀನಿನವನು ಕೇಳುವುದೂ ಅದನ್ನೇ. ಇಂಕ್‌ಸ್ಕೇಪ್‌ನಲ್ಲಿ ತೆರೆದರೆ ಒಮ್ಮೊಮ್ಮೆ ನೆಟ್ಟಗೆ ಬರುತ್ತದೆ, ಒಮ್ಮೊಮ್ಮೆ ಮದುಮಗನ ಹೆಸರು ಮಂಟಪದಿಂದಾಚೆ ಹೋಗಿರುತ್ತದೆ.

ಈಗಲೇ ಯಾಕೆ ಈ ಮಾತು ಎಂದರೆ, 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ಕ್ಕೆ ಮಾಮೂಲಿ ಬೆಂಬಲ ಮುಗಿಯಿತು. ಗಟ್ಟಿಮುಟ್ಟಾಗಿರುವ ಎಷ್ಟೋ ಕಂಪ್ಯೂಟರುಗಳು ವಿಂಡೋಸ್ 11ಕ್ಕೆ ಬೇಕಾದ ಟಿಪಿಎಂ ಎಂಬ ಭದ್ರತಾ ಚಿಪ್ ಇಲ್ಲವೆಂಬಂಥ ಕಾರಣಕ್ಕೆ ಮೂಲೆ ಸೇರುತ್ತಿವೆ. ಲಿನಕ್ಸ್ ಹಾಕಿದರೆ ಅವು ಇನ್ನೂ ಹಲವು ವರ್ಷ ದುಡಿದಾವು, ನಮ್ಮ ಕಸುಬಿನ ತಂತ್ರಾಂಶ ಅದರಲ್ಲಿ ಓಡಿದರೆ.

ನನ್ನಂಥವನೊಬ್ಬ ಕಂಪನಿಗೆ ಪತ್ರ ಬರೆದರೆ ಏನೂ ಆಗುವುದಿಲ್ಲ. ಸಾವಿರಗಟ್ಟಲೆ ಪ್ರತಿ ಕೊಳ್ಳುವವರು ಕೇಳಬೇಕು. ಸರಬರಾಜುದಾರರು ಮುಕ್ತ ತಂತ್ರಾಂಶವನ್ನೂ ಪರಿಗಣಿಸಬೇಕು, ಕೈಬಿಟ್ಟರೆ ಕಾರಣ ಕೊಡಬೇಕು ಎಂದು ಕೇಂದ್ರದ 2015ರ ನೀತಿಯೇ ಹೇಳುತ್ತದೆ. ಅದೇ ಹಾದಿಯಲ್ಲಿ ನಮ್ಮ ರಾಜ್ಯದ ಇಲಾಖೆಗಳು, ವಿಶ್ವವಿದ್ಯಾಲಯಗಳು ವಿನ್ಯಾಸ ತಂತ್ರಾಂಶ ಕೊಳ್ಳುವ ಟೆಂಡರಿನಲ್ಲಿ ‘ಲಿನಕ್ಸ್‌ನಲ್ಲೂ ಓಡಬೇಕು’ ಎಂಬ ಷರತ್ತು ಸೇರಿಸಲಿ.

ಸಂಪಾದಕರೇ, ನಿಮಗೂ ಒಂದು ಕೋರಿಕೆ. ನಿಮ್ಮ ಪುಟ ಕಟ್ಟುವ ತಂತ್ರಾಂಶದ ಚಂದಾ ನವೀಕರಿಸುವಾಗ, ಲಿನಕ್ಸ್ ಆವೃತ್ತಿ ಯಾವಾಗ ಕೊಡುತ್ತೀರಿ ಎಂದು ಆ ಕಂಪನಿಯನ್ನು ಲಿಖಿತವಾಗಿ ಕೇಳಿ, ಬಂದ ಉತ್ತರವನ್ನು ಇದೇ ಅಂಕಣದಲ್ಲಿ ಪ್ರಕಟಿಸಿ.

– ಡಿಟಿಪಿ ಕಸುಬಿನ ಓದುಗ, ಗದಗ