ರೆಫರ್ ಚೀಟಿ ಮತ್ತು ನಮ್ಮ ಚಂದಾ ಡಬ್ಬಿ

ಸರಕಾರಿ ಆಸ್ಪತ್ರೆಗೆ ಹೋಗಿ ಬಂದವರನ್ನು ಒಮ್ಮೆ ಮಾತಾಡಿಸಿ ನೋಡಿ. ಅವರು ಕಾಯಿಲೆಯ ಬಗ್ಗೆ ಹೇಳುವುದು ಕಡಿಮೆ. ಚೀಟಿ ಮಾಡಿಸಲು ನಿಂತ ಸಾಲು, ಗದರಿದ ದಾದಿ, ಹೊರಗಿನಿಂದ ತರಲು ಬರೆದುಕೊಟ್ಟ ಚುಚ್ಚುಮದ್ದು, ಗಾಲಿ ಸಿಕ್ಕಿಕೊಂಡ ಸ್ಟ್ರೆಚರನ್ನು ತಾವೇ ತಳ್ಳಿದ್ದು, ಹೆರಿಗೆಯಾದೊಡನೆ ಕೈಚಾಚಿದ ಆಯಾ... ಇವೇ ಮಾತುಗಳು. ವಿಚಿತ್ರವೆಂದರೆ, ಇದನ್ನೆಲ್ಲ ಹೇಳುವಾಗ ಅವರ ದನಿಯಲ್ಲಿ ಸಿಟ್ಟಿರುವುದಿಲ್ಲ. ಮಳೆ ಬಂತು, ಬಟ್ಟೆ ಒದ್ದೆಯಾಯಿತು ಎಂಬಷ್ಟು ಸಹಜವಾಗಿ ಹೇಳುತ್ತಾರೆ. ಬಡವನ ಪಾಲಿಗೆ ಆಸ್ಪತ್ರೆಯೆಂದರೆ ಹೀಗೆಯೇ ಎಂಬುದನ್ನು ಅವರು ಒಪ್ಪಿಕೊಂಡುಬಿಟ್ಟಿದ್ದಾರೆ. ಅವರಿಂದ ಈ ಒಪ್ಪಿಗೆಯನ್ನು ಪಡೆದವರು ಯಾರು?

ಕಳೆದ ಮಳೆಗಾಲದಲ್ಲಿ ನನ್ನ ಅಕ್ಕನ ಮಗಳನ್ನು ಹೆರಿಗೆಗೆಂದು ನಮ್ಮೂರಿನ ಸಮುದಾಯ ಆರೋಗ್ಯ ಕೇಂದ್ರಕ್ಕೆ ಕರೆದುಕೊಂಡು ಹೋಗಿದ್ದೆವು. ಮಸೀದಿಯಿಂದ ಕೂಗಳತೆಯ ದೂರದಲ್ಲಿರುವ ಕಟ್ಟಡ. ಹೊಸದಾಗಿ ಬಣ್ಣ ಬಳಿದಿದ್ದರು. ಸಂಜೆ ಐದಕ್ಕೆ ಸೇರಿಸಿದೆವು. ಇಡೀ ಕಟ್ಟಡಕ್ಕೆ ರಾತ್ರಿ ಪಾಳಿಯಲ್ಲಿದ್ದದ್ದು ಒಬ್ಬರೇ ದಾದಿ. ನೋವು ತಾಳಲಾರದೆ ಹುಡುಗಿ ಕೂಗಿಕೊಂಡಾಗ ಅವರಾಡಿದ ಮಾತನ್ನು ಇಲ್ಲಿ ಬರೆಯಲಾರೆ. ಹೆರಿಗೆ ಕೋಣೆಯ ಹೊರಗೆ ಕುಳಿತ ಎಲ್ಲ ತಾಯಂದಿರಿಗೂ ಆ ಮಾತು ಗೊತ್ತಿದೆ. ರಾತ್ರಿ ಒಂದೂವರೆಗೆ ವೈದ್ಯರು ಬಂದು ನೋಡಿದರು. ಮಗುವಿನ ಎದೆಬಡಿತ ಇಳಿಯುತ್ತಿದೆ, ಸಿಸೇರಿಯನ್ ಆಗಬೇಕು, ಇಲ್ಲಿ ಅರಿವಳಿಕೆ ತಜ್ಞರಿಲ್ಲ, ಮಂಗಳೂರಿಗೆ ಒಯ್ಯಿರಿ ಎಂದರು. ಒಂದು ಚೀಟಿ ಕೊಟ್ಟರು. ಅದರಲ್ಲಿ ಎರಡೇ ಸಾಲುಗಳಿದ್ದವು. ಎಲ್ಲಿಗೆ, ಯಾರ ಬಳಿಗೆ ಎಂಬುದಿರಲಿಲ್ಲ. ಅಲ್ಲಿ ಹಾಸಿಗೆ ಇದೆಯೇ ಎಂದು ಯಾರೂ ಫೋನು ಮಾಡಿ ಕೇಳಿರಲಿಲ್ಲ.

ಅರಿವಳಿಕೆ ತಜ್ಞರಿಲ್ಲವೆಂಬ ಸಂಗತಿ ಅವರಿಗೆ ಸಂಜೆ ಐದಕ್ಕೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಗೋಡೆಯ ಫಲಕದಲ್ಲೇ ಬರೆದಿತ್ತು, ಆ ಹುದ್ದೆಯ ಎದುರು ‘ಖಾಲಿ’ ಎಂದು.

108 ಬರುವುದಕ್ಕೆ ಕಾಯುವ ಧೈರ್ಯ ನಮಗಿರಲಿಲ್ಲ. ಪರಿಚಯದವರ ಓಮ್ನಿಯಲ್ಲಿ ಹೊರಟೆವು. ನಗರದ ಖಾಸಗಿ ಆಸ್ಪತ್ರೆಯೊಂದರ ಕೌಂಟರಿನಲ್ಲಿ, ಈ ಕೇಸಿಗೆ ಕಾರ್ಡು ನಡೆಯುವುದಿಲ್ಲ, ಮೊದಲು ಮುಂಗಡ ಕಟ್ಟಿ ಎಂದರು. ಬೆಳಗಿನ ಜಾವ ನಾಲ್ಕು ಗಂಟೆಗೆ ಭಾವ ತನ್ನ ಸಹೋದರಿಯ ಬಳೆಗಳ ವಿಚಾರ ಮಾತಾಡುತ್ತಿದ್ದರು. ಅಲ್ಲಾಹನ ಅನುಗ್ರಹದಿಂದ ತಾಯಿ, ಮಗು ಇಬ್ಬರೂ ಉಳಿದರು. ಎಲ್ಲರ ಕತೆಯೂ ಹೀಗೆ ಮುಗಿಯುವುದಿಲ್ಲ.

2022ರ ನವೆಂಬರಿನಲ್ಲಿ ತುಮಕೂರಿನಲ್ಲಿ ಏನಾಯಿತು ಎಂಬುದು ನೆನಪಿರಬಹುದು. ತುಂಬು ಗರ್ಭಿಣಿಯೋರ್ವರು ನೋವು ಕಾಣಿಸಿಕೊಂಡು ಜಿಲ್ಲಾಸ್ಪತ್ರೆಗೆ ಹೋದರು. ಆಕೆಯಲ್ಲಿ ತಾಯಿ ಕಾರ್ಡ್ ಇರಲಿಲ್ಲ, ಆಧಾರ್ ಇರಲಿಲ್ಲ. ಬೆಂಗಳೂರಿನ ಆಸ್ಪತ್ರೆಗೆ ಹೋಗುವಂತೆ ಹೇಳಿ ಕಳುಹಿಸಲಾಯಿತು. ಅಕ್ಕಪಕ್ಕದವರು ಹಣ ಕೂಡಿಸಿ ಆಸ್ಪತ್ರೆಯ ತನಕ ಕಳುಹಿಸಿದ್ದ ಹೆಣ್ಣುಮಗಳು ಬೆಂಗಳೂರಿಗೆ ಹೇಗೆ ಹೋಗಬೇಕಿತ್ತು? ಆಕೆ ಮನೆಗೆ ಮರಳಿದರು. ಅಲ್ಲಿಯೇ ಅವಳಿ ಮಕ್ಕಳನ್ನು ಹೆತ್ತು, ಆ ಮಕ್ಕಳೊಂದಿಗೆ ತಾವೂ ತೀರಿಕೊಂಡರು. ವೈದ್ಯೆ ಮತ್ತು ದಾದಿಯರ ಅಮಾನತಾಯಿತು. ಸಚಿವರು ಧಾವಿಸಿ ಬಂದರು, ತುರ್ತು ಸಂದರ್ಭದಲ್ಲಿ ದಾಖಲೆ ಕೇಳಬಾರದು ಎಂದರು. ಕೇಳಬಾರದೆಂಬ ನಿಯಮ ಹೊಸತಾಗಿತ್ತೇ? 2011ರ ಜೂನ್ 1ರಂದು ಜಾರಿಗೆ ಬಂದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದ ಪ್ರಕಾರ, ಸರಕಾರಿ ಆಸ್ಪತ್ರೆಯಲ್ಲಿ ಹೆರುವ ಪ್ರತಿ ತಾಯಿಗೂ ಹೆರಿಗೆ, ಸಿಸೇರಿಯನ್, ಔಷಧ, ಪರೀಕ್ಷೆ, ರಕ್ತ, ಊಟ ಎಲ್ಲವೂ ಉಚಿತ. ಮನೆಯಿಂದ ಆಸ್ಪತ್ರೆಗೆ, ಒಂದು ಆಸ್ಪತ್ರೆಯಿಂದ ಮತ್ತೊಂದಕ್ಕೆ, ಬಳಿಕ ಮರಳಿ ಮನೆಗೆ ವಾಹನವೂ ಉಚಿತ. ಅಂದರೆ ತುಮಕೂರಿನ ಆ ತಾಯಿಯನ್ನು ಬೆಂಗಳೂರಿಗೆ ಕಳುಹಿಸಲೇಬೇಕಾಗಿದ್ದರೆ ಕರೆದೊಯ್ಯಬೇಕಾದದ್ದು ಸರಕಾರ. ನಮ್ಮ ಹುಡುಗಿಯನ್ನು ಮಂಗಳೂರಿಗೆ ಕೊಂಡೊಯ್ಯಬೇಕಾಗಿದ್ದದ್ದೂ ಸರಕಾರವೇ. ನಾವು ಓಮ್ನಿಯ ಚಾಲಕನಿಗೆ ಇಂಧನದ ಹಣ ಕೊಟ್ಟೆವು, ಆತನಿಗೆ ಕೃತಜ್ಞತೆ ಹೇಳಿದೆವು, ಸರಕಾರವನ್ನು ಮರೆತೆವು.

ಅಮಾನತು ಎಂಬುದು ನಮ್ಮ ಸರಕಾರಗಳಿಗೆ ಬಹಳ ಅಗ್ಗದ ಔಷಧ. 2021ರ ಮೇ 2ರ ರಾತ್ರಿ ಚಾಮರಾಜನಗರದ ಜಿಲ್ಲಾಸ್ಪತ್ರೆಯಲ್ಲಿ ಆಮ್ಲಜನಕ ಮುಗಿದು 24 ಮಂದಿ ಸತ್ತಾಗ, ಆಮ್ಲಜನಕದ ಕೊರತೆಯಿಂದ ಸತ್ತವರು ಮೂವರು ಮಾತ್ರ ಎಂಬ ಲೆಕ್ಕ ಕೊಡಲಾಯಿತು. ಉಳಿದವರು ಯಾವುದರ ಕೊರತೆಯಿಂದ ಸತ್ತರು? 2024ರ ನವೆಂಬರಿನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೆ ಒಬ್ಬರಂತೆ ಐವರು ತೀರಿಕೊಂಡರು. ಅವರಿಗೆ ಏರಿಸಿದ್ದ ರಿಂಗರ್ ಲ್ಯಾಕ್ಟೇಟ್ ದ್ರಾವಣದ ಮೇಲೆ ಸಂಶಯ ಮೂಡಿತು, ಔಷಧ ನಿಯಂತ್ರಕರ ಅಮಾನತಾಯಿತು. ಪತ್ರಿಕೆಗಳು ಎರಡು ವಾರ ಬರೆದವು. ಆ ತಾಯಂದಿರ ಕೂಸುಗಳು ಈಗ ಯಾರ ಮಡಿಲಲ್ಲಿವೆ ಎಂದು ವಿಚಾರಿಸಲು ಮತ್ತೆ ಎಷ್ಟು ಮಂದಿ ಅತ್ತ ಹೋದರು?

ಆಸ್ಪತ್ರೆಯ ಸಿಬ್ಬಂದಿಯ ಮೇಲಷ್ಟೇ ಹರಿಹಾಯುವುದು ಸುಲಭ. ಅದು ಅನ್ಯಾಯವೂ ಹೌದು. ಸಮುದಾಯ ಆರೋಗ್ಯ ಕೇಂದ್ರವೆಂದರೆ ಬಯಲುಸೀಮೆಯಲ್ಲಿ ಒಂದು ಲಕ್ಷದ ಇಪ್ಪತ್ತು ಸಾವಿರ, ಗುಡ್ಡಗಾಡಿನಲ್ಲಿ ಎಂಬತ್ತು ಸಾವಿರ ಜನರಿಗೆ ಒಂದರಂತೆ ಇರಬೇಕಾದ 30 ಹಾಸಿಗೆಗಳ ಆಸ್ಪತ್ರೆ. ಅಲ್ಲಿ ಶಸ್ತ್ರಚಿಕಿತ್ಸಕರು, ಫಿಸಿಶಿಯನ್, ಪ್ರಸೂತಿ ತಜ್ಞರು, ಮಕ್ಕಳ ತಜ್ಞರು ಇರಬೇಕೆಂಬುದು ಸರಕಾರವೇ ಬರೆದಿಟ್ಟ ಮಾನದಂಡ. ಇವರಲ್ಲಿ ಒಬ್ಬರಿದ್ದರೆ ಮತ್ತೊಬ್ಬರಿರುವುದಿಲ್ಲ. ಪ್ರಸೂತಿ ತಜ್ಞರಿದ್ದು ಅರಿವಳಿಕೆ ತಜ್ಞರಿಲ್ಲದಿದ್ದರೆ ಶಸ್ತ್ರಚಿಕಿತ್ಸೆಯ ಕೋಣೆಗೆ ಬೀಗವೇ ಗತಿ. ಗ್ರಾಮೀಣ ಸೇವೆಯನ್ನು ಕಡ್ಡಾಯಗೊಳಿಸುವ ಕಾನೂನನ್ನು 2012ರಲ್ಲಿಯೇ ಮಾಡಿದ ರಾಜ್ಯವಿದು. ಕಾನೂನು ಪುಸ್ತಕದಲ್ಲಿದೆ, ಹುದ್ದೆ ಫಲಕದಲ್ಲಿದೆ. ಅಂದು ರಾತ್ರಿ ನಮ್ಮ ಮೇಲೆ ರೇಗಿದ ಆ ದಾದಿ ಮೂವತ್ತು ಹಾಸಿಗೆಗಳ ನಡುವೆ ಒಬ್ಬಂಟಿಯಾಗಿ ಓಡುತ್ತಿದ್ದರು. ನಾವು ಹೊರಡುವಾಗ ಓಮ್ನಿಯ ಬಾಗಿಲ ತನಕ ಬಂದು, ಹುಡುಗಿಯನ್ನು ಎಡ ಮಗ್ಗುಲಿಗೆ ಮಲಗಿಸಿ, ತನ್ನದೇ ಶಾಲನ್ನು ತಲೆಯಡಿಗೆ ಇಟ್ಟವರೂ ಅವರೇ. ಹಾಗೆಂದು ಅವರ ಬಾಯಿಯಿಂದ ಬಂದ ಮಾತನ್ನು ನಾನು ಮನ್ನಿಸಬೇಕಾಗಿಲ್ಲ. ಹೆರಿಗೆ ಕೋಣೆಯಲ್ಲಿ ಹೆಣ್ಣಿಗೆ ಗೌರವ ಸಿಗಬೇಕು, ಜೊತೆಗೊಬ್ಬರು ಇರಲು ಅವಕಾಶ ಬೇಕು ಎಂದು ಕೇಂದ್ರ ಸರಕಾರದ ‘ಲಕ್ಷ್ಯ’ ಕಾರ್ಯಕ್ರಮ 2017ರಲ್ಲಿಯೇ ಹೇಳಿದೆ. ಒಬ್ಬ ದಾದಿಯ ತಲೆಯ ಮೇಲೆ ಮೂವರ ಕೆಲಸ ಹೊರಿಸಿ ಗೌರವದ ಸುತ್ತೋಲೆಯನ್ನು ಗೋಡೆಗೆ ಅಂಟಿಸುವುದು ಎಂಥ ವಿಡಂಬನೆ!

ಇನ್ನು ವಿಮೆಯ ಮಾತು. ರಾಜ್ಯದಲ್ಲಿ 2003ರಲ್ಲಿ ಯಶಸ್ವಿನಿ ಬಂತು, 2010ರಲ್ಲಿ ವಾಜಪೇಯಿ ಆರೋಗ್ಯಶ್ರೀ ಬಂತು, 2018ರಲ್ಲಿ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಬಂತು. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ ಐದು ಲಕ್ಷ ರೂಪಾಯಿಯ ತನಕ ಚಿಕಿತ್ಸೆ ಎಂಬುದು ಕಡಿಮೆ ಮಾತೇನಲ್ಲ. ಹೃದಯದ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಬದುಕಿ ಬಂದವರು ನಮ್ಮ ನಡುವೆಯೇ ಇದ್ದಾರೆ. ಆದರೆ ತುರ್ತು ಸಂದರ್ಭ ಬಿಟ್ಟರೆ ದೊಡ್ಡ ಚಿಕಿತ್ಸೆಗಳಿಗಾಗಿ ಖಾಸಗಿ ಆಸ್ಪತ್ರೆಯ ಬಾಗಿಲು ತೆರೆಯುವುದು ಸರಕಾರಿ ಆಸ್ಪತ್ರೆಯ ರೆಫರ್ ಚೀಟಿಯಿಂದ. ಹೀಗೆ ಸರಕಾರಿ ಆಸ್ಪತ್ರೆಯ ಕೆಲಸವೇ ಚೀಟಿ ಬರೆಯುವುದು ಎಂಬಂತಾಗಿದೆ. ಇಲ್ಲಿ ಒಬ್ಬ ಅರಿವಳಿಕೆ ತಜ್ಞನಿಗೆ ಸಂಬಳ ಕೊಡಲು ಹಣವಿಲ್ಲದ ಖಜಾನೆ, ಅಲ್ಲಿ ಖಾಸಗಿಯವರ ಬಿಲ್ಲು ಪಾವತಿಸುತ್ತದೆ. ದಕ್ಷಿಣ ಕನ್ನಡವು ಎಂಟು ಖಾಸಗಿ ವೈದ್ಯಕೀಯ ಕಾಲೇಜುಗಳಿರುವ ಜಿಲ್ಲೆ. ಇಷ್ಟು ಕಾಲೇಜುಗಳ ನೆರಳಿನಲ್ಲಿರುವ ಊರಿನಲ್ಲಿ ಮಧ್ಯರಾತ್ರಿ ಒಂದು ಸಿಸೇರಿಯನ್ ಆಗುವುದಿಲ್ಲವೆಂದಾದರೆ ಕಾಲೇಜುಗಳಿಲ್ಲದ ಊರುಗಳ ಪಾಡೇನು? ಖಾಸಗಿಯವರನ್ನು ಹದ್ದುಬಸ್ತಿನಲ್ಲಿಡಲು 2017ರಲ್ಲಿ ಆಗಿನ ಆರೋಗ್ಯ ಸಚಿವ ಕೆ.ಆರ್. ರಮೇಶ್ ಕುಮಾರ್ ಮಸೂದೆ ತಂದಾಗ ವೈದ್ಯರು ಮುಷ್ಕರ ಹೂಡಿದರು. ಮಸೂದೆ ಮೆತ್ತಗಾಯಿತು. ರೋಗಿಗಳ ಪರವಾಗಿ ಬೀದಿಗಿಳಿದವರು ಬೆರಳೆಣಿಕೆಯಷ್ಟು ಮಂದಿ. ನಮ್ಮ ಜಮಾಅತ್‌ಗಳಾಗಲಿ, ಯುವಕ ಸಂಘಗಳಾಗಲಿ ಆಗ ಎಲ್ಲಿದ್ದವು?

ನಾವು ಚಂದಾ ಎತ್ತುತ್ತಿದ್ದೆವು.

ಈ ಮಾತು ಕಹಿಯೆನಿಸಬಹುದು. ಜುಮಾ ನಮಾಝಿನ ಬಳಿಕ ರೋಗಿಯ ಹೆಸರು ಹೇಳಿ ಸಹಾಯ ಯಾಚಿಸದ ಮಸೀದಿ ಕರಾವಳಿಯಲ್ಲಿ ಅಪರೂಪ. ಬಾಗಿಲಲ್ಲಿ ಬಟ್ಟೆ ಹಾಸುತ್ತೇವೆ. ಮೊಬೈಲುಗಳಲ್ಲಿ ಮೂಗಿಗೆ ನಳಿಕೆ ಹಾಕಿದ ಮಗುವಿನ ಚಿತ್ರ ಹರಿದಾಡುತ್ತದೆ. ಗಲ್ಫ್‌ನಲ್ಲಿರುವವರು ಸಂಬಳದಿಂದ ಕಳುಹಿಸುತ್ತಾರೆ. ರಕ್ತ ಬೇಕೆಂದರೆ ನಮ್ಮ ಯುವಕರು ರಾತ್ರಿ ಎರಡು ಗಂಟೆಗೂ ಬೈಕ್ ಏರುತ್ತಾರೆ. ಇದು ಸಣ್ಣ ಗುಣವಲ್ಲ. ರೋಗಿಯ ಸಂದರ್ಶನವನ್ನು ಒಬ್ಬ ಮುಸ್ಲಿಮನ ಮೇಲೆ ಇನ್ನೊಬ್ಬನಿಗಿರುವ ಹಕ್ಕು ಎಂದು ಕಲಿಸಿದ ಪ್ರವಾದಿ(ಸ)ಯವರ ಅನುಯಾಯಿಗಳು ಹೀಗಿರದಿದ್ದರೆ ಅಚ್ಚರಿಪಡಬೇಕಿತ್ತು. ಆದರೆ ಕೂಡಿಸಿದ ಹಣ ಕೊನೆಗೆ ಹೋಗುವುದೆಲ್ಲಿಗೆ? ಆಸ್ಪತ್ರೆಯ ಬಿಲ್ಲಿಗೆ. ಒಬ್ಬನ ಬಿಲ್ಲು ತೀರಿಸುವಷ್ಟರಲ್ಲಿ ಇನ್ನೊಬ್ಬನ ಚಿತ್ರ ಬಂದಿರುತ್ತದೆ. ಬಾಯಿ ಇದ್ದವನಿಗೆ, ಪರಿಚಯ ಇದ್ದವನಿಗೆ ಹೆಚ್ಚು ಸಿಗುತ್ತದೆ. ಕೇಳಲು ನಾಚುವ ಬೀಡಿ ಕಟ್ಟುವ ವಿಧವೆಗೆ ಏನೂ ಸಿಗುವುದಿಲ್ಲ. ಅಲ್ಲದೆ ಅದೇ ರೆಫರ್ ಚೀಟಿ ಹಿಡಿದುಕೊಂಡ ಕೊರಗ ಕಾಲನಿಯವರಿಗಾಗಿ, ಬಿಲ್ಲವರ, ಮೊಗವೀರರ ಬಡ ಮನೆಯವರಿಗಾಗಿ ನಮ್ಮ ಬಟ್ಟೆ ಹಾಸುವುದೂ ವಿರಳ. ಆಸ್ಪತ್ರೆ ಸರಿಯಾದರೆ ಮಾತ್ರ ಇವರೆಲ್ಲರಿಗೂ ಒಟ್ಟಿಗೆ ದಕ್ಕುತ್ತದೆ.

1992ರ ಜುಲೈಯಲ್ಲಿ ಪಶ್ಚಿಮ ಬಂಗಾಲದ ಮಥುರಾಪುರದಲ್ಲಿ ಹಕೀಂ ಶೇಖ್ ಎಂಬ ಕೂಲಿ ಕಾರ್ಮಿಕರು ರೈಲಿನಿಂದ ಬಿದ್ದು ತಲೆಗೆ ತೀವ್ರ ಪೆಟ್ಟು ಮಾಡಿಕೊಂಡರು. ಊರಿನ ಆರೋಗ್ಯ ಕೇಂದ್ರದಲ್ಲಿ ಸೌಲಭ್ಯವಿರಲಿಲ್ಲ. ಅಲ್ಲಿಂದ ಕಲ್ಕತ್ತಾದ ಸರಕಾರಿ ಆಸ್ಪತ್ರೆಗಳನ್ನು ಒಂದೊಂದಾಗಿ ಸುತ್ತಿದರು. ಹಲವೆಡೆ ಒಂದೇ ಉತ್ತರ, ಹಾಸಿಗೆ ಇಲ್ಲ. ಕೊನೆಗೆ ಖಾಸಗಿ ಆಸ್ಪತ್ರೆಯಲ್ಲಿ ಸುಮಾರು 17,000 ರೂಪಾಯಿ ತೆತ್ತು ಬದುಕಿದರು. ಆ ಕಾಲದಲ್ಲಿ ಕೂಲಿಕಾರನಿಗೆ ಅದೆಂಥ ಮೊತ್ತ! ಅವರು ಸದಸ್ಯರಾಗಿದ್ದ ಕೃಷಿ ಕೂಲಿಕಾರರ ಸಂಘಟನೆ ಚಂದಾ ಎತ್ತಿತೋ ಇಲ್ಲವೋ, ಸುಪ್ರೀಂ ಕೋರ್ಟಿನ ಮೆಟ್ಟಿಲನ್ನಂತೂ ಹತ್ತಿತು. 1996ರ ಮೇಯಲ್ಲಿ ತೀರ್ಪು ಬಂತು. ತುರ್ತು ಚಿಕಿತ್ಸೆ ನಿರಾಕರಿಸುವುದು ಸಂವಿಧಾನದ 21ನೇ ವಿಧಿ ನೀಡಿರುವ ಬದುಕುವ ಹಕ್ಕಿನ ಉಲ್ಲಂಘನೆ, ಹಣವಿಲ್ಲವೆಂದು ಹೇಳಿ ಸರಕಾರ ಈ ಹೊಣೆಯಿಂದ ನುಣುಚಿಕೊಳ್ಳುವಂತಿಲ್ಲ ಎಂದಿತು ನ್ಯಾಯಾಲಯ. ಹಕೀಂ ಶೇಖರಿಗೆ 25,000 ರೂಪಾಯಿ ಪರಿಹಾರವನ್ನೂ ಕೊಡಿಸಿತು. ಇಂದು ನಾವೆಲ್ಲರೂ ಹೇಳಿಕೊಳ್ಳಬಹುದಾದ ಹಕ್ಕೊಂದು ಆ ಕೂಲಿಕಾರರ ಸಂಘಟನೆಯ ಹಟದಿಂದ ಹುಟ್ಟಿದ್ದು. ನಮ್ಮ ಸಂಘಟನೆಗಳ ವಾರ್ಷಿಕ ವರದಿಗಳಲ್ಲಿ ವಿತರಿಸಿದ ಕಿಟ್‌ಗಳ ಲೆಕ್ಕವಿದೆ, ಹೊಲಿಗೆ ಯಂತ್ರಗಳ ಲೆಕ್ಕವಿದೆ, ಆಂಬುಲೆನ್ಸಿನ ಚಿತ್ರವಿದೆ. ಆಸ್ಪತ್ರೆಯ ಖಾಲಿ ಹುದ್ದೆಗಾಗಿ ಬರೆದ ಒಂದು ಅರ್ಜಿಯ ಪ್ರತಿ ಇದೆಯೇ?

ಅರ್ಜಿ ಬರೆಯಲು ದಾರಿಗಳಿಲ್ಲವೆಂದಲ್ಲ. 2005ರಲ್ಲಿ ಗ್ರಾಮೀಣ ಆರೋಗ್ಯ ಅಭಿಯಾನ ಬಂದ ಮೇಲೆ ಇಂಥ ಆಸ್ಪತ್ರೆಗಳಿಗೆ ಆರೋಗ್ಯ ರಕ್ಷಾ ಸಮಿತಿಯೆಂಬುದಿದೆ. ಅದರಲ್ಲಿ ಜನಪ್ರತಿನಿಧಿಗಳ ಜೊತೆಗೆ ಸ್ಥಳೀಯ ನಾಗರಿಕರಿಗೂ ಜಾಗವಿದೆ. ಆಸ್ಪತ್ರೆಯ ಕೈಗೆ ಬರುವ ಒಂದಷ್ಟು ಹಣವನ್ನು ಹೇಗೆ ಬಳಸಬೇಕೆಂದು ತೀರ್ಮಾನಿಸುವುದು ಆ ಸಮಿತಿ. ಅದೇ 2005ರಲ್ಲಿ ಮಾಹಿತಿ ಹಕ್ಕು ಕಾಯ್ದೆಯೂ ಬಂತು. ಹತ್ತು ರೂಪಾಯಿ ಕೊಟ್ಟು ಕೇಳಬಹುದು, ಬಿಪಿಎಲ್‌ನವರು ಅದನ್ನೂ ಕೊಡಬೇಕಿಲ್ಲ. ಹುದ್ದೆ ಎಂದಿನಿಂದ ಖಾಲಿ, ಕಳೆದ ವರ್ಷ ಎಷ್ಟು ಹೆರಿಗೆ ಇಲ್ಲಾಯಿತು, ಎಷ್ಟು ಮಂದಿಯನ್ನು ಹೊರಗೆ ಕಳುಹಿಸಲಾಯಿತು, ಕಳುಹಿಸಿದವರಲ್ಲಿ ಎಷ್ಟು ಮಂದಿಗೆ ವಾಹನ ಒದಗಿಸಲಾಯಿತು? ರೋಗಿಗಳ ಹಕ್ಕುಗಳ ಸನ್ನದನ್ನು ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 2018ರಲ್ಲಿ ಸಿದ್ಧಪಡಿಸಿತು. ಬಿಲ್ಲು ಬಾಕಿಯೆಂದು ರೋಗಿಯನ್ನಾಗಲಿ ಮೃತದೇಹವನ್ನಾಗಲಿ ತಡೆದಿಟ್ಟುಕೊಳ್ಳುವಂತಿಲ್ಲವೆಂದು ಅದರಲ್ಲಿ ಸ್ಪಷ್ಟವಾಗಿದೆ. ಮಯ್ಯಿತ್ ಬಿಡಿಸಿಕೊಳ್ಳಲು ಹಣ ಸಾಲದೆ ರಾತ್ರಿಯೆಲ್ಲ ಫೋನು ಮಾಡುತ್ತಾ ಕುಳಿತ ಕುಟುಂಬಗಳನ್ನು ನಾನು ಕಂಡಿದ್ದೇನೆ. ಇದನ್ನು ಓದಿ ಹೇಳುವವರೊಬ್ಬರು ಅಲ್ಲಿರಲಿಲ್ಲ. ದೊಡ್ಡ ಗಂಟಲಿನ ಯುವಕರು ಮಾತ್ರ ಇದ್ದರು. ಅವರು ಕಾವಲುಗಾರನ ಕಾಲರ್ ಹಿಡಿದರು, ಪೊಲೀಸರು ಬಂದರು. ವೈದ್ಯಕೀಯ ಸಿಬ್ಬಂದಿಯ ಮೇಲಿನ ಹಲ್ಲೆಯ ವಿರುದ್ಧ 2009ರಿಂದಲೇ ರಾಜ್ಯದಲ್ಲಿ ಕಠಿಣ ಕಾನೂನಿದೆ ಎಂಬುದನ್ನು ಅವರಿಗೆ ಪೊಲೀಸರೇ ತಿಳಿಸಿದರು.

ಮಗುವಿಗೀಗ ಒಂಬತ್ತು ತಿಂಗಳು. ಕಳೆದ ವಾರ ದಡಾರದ ಚುಚ್ಚುಮದ್ದು ಹಾಕಿಸಲು ಅದೇ ಕೇಂದ್ರಕ್ಕೆ ಹೋಗಿದ್ದೆವು. ಚುಚ್ಚುಮದ್ದನ್ನು ಚೆನ್ನಾಗಿ ಹಾಕಿದರು, ಮುಂದಿನ ದಿನಾಂಕ ಬರೆದುಕೊಟ್ಟರು, ಒಂದು ಪೈಸೆ ಕೇಳಲಿಲ್ಲ. ಫಲಕದಲ್ಲಿ ಅರಿವಳಿಕೆ ತಜ್ಞರ ಹುದ್ದೆಯ ಎದುರು ಈಗಲೂ ‘ಖಾಲಿ’ ಎಂದೇ ಇದೆ. ಆರೋಗ್ಯ ರಕ್ಷಾ ಸಮಿತಿಯ ಸಭೆ ಕೊನೆಯದಾಗಿ ಯಾವಾಗ ನಡೆಯಿತು, ನಡಾವಳಿ ನೋಡಬಹುದೇ ಎಂದು ಕಚೇರಿಯ ಗುಮಾಸ್ತರನ್ನು ಕೇಳಿದೆ. ಅವರು ನನ್ನನ್ನು ಮೇಲಿನಿಂದ ಕೆಳಗಿನ ತನಕ ನೋಡಿ, “ನೀವು ಯಾವ ಪತ್ರಿಕೆಯವರು?” ಎಂದರು. ಈ ಊರಿನವನು ಎಂದೆ. ಡಾಕ್ಟರರನ್ನು ಕೇಳಬೇಕು, ಸೋಮವಾರ ಹತ್ತು ಗಂಟೆಗೆ ಬನ್ನಿ ಎಂದರು. ಹೋಗುತ್ತಿದ್ದೇನೆ. ಜಮಾಅತಿನಿಂದ ಇಬ್ಬರು ಜೊತೆಗೆ ಬಂದರೆ ಒಳ್ಳೆಯದು. ಪಕ್ಕದ ಭಜನಾ ಮಂದಿರದ ಅಧ್ಯಕ್ಷರು ಬರುತ್ತೇನೆಂದು ಆಗಲೇ ಹೇಳಿದ್ದಾರೆ.